ಬಣ್ಣದ ಕೆಳಗಿನ ತುಕ್ಕು

ತಾಮ್ರ ಹಿತ್ತಾಳೆಗಳಿಗೆ ಹಿಡಿಯುವುದು ಕಿಲುಬು. ಕಬ್ಬಿಣಕ್ಕೆ ಹಿಡಿಯುವುದು ತುಕ್ಕು. ಎರಡಕ್ಕೂ ಬೇರೆ ಬೇರೆ ಹೆಸರಿಟ್ಟ ಕನ್ನಡದ ಹಿರಿಯರ ಗಮನ ಸೂಕ್ಷ್ಮವಾದುದು. ಕಿಲುಬು ಹಿಡಿದ ಚೊಂಬನ್ನು ಹುಣಸೆಹಣ್ಣು ಹಚ್ಚಿ ತಿಕ್ಕಿದರೆ ಲೋಹ ಮತ್ತೆ ಬೆಳಗುತ್ತದೆ. ತಾಮ್ರದ ಮೇಲೆ ಕಾಲಾಂತರದಲ್ಲಿ ಕಟ್ಟುವ ಹಸಿರು ಪದರು ಗಟ್ಟಿಯಾಗಿ ಅಂಟಿಕೊಂಡು ಒಳಗಿನ ತಾಮ್ರವನ್ನು ಒಂದು ಮಟ್ಟಿಗೆ ಕಾಪಾಡುವುದೂ ಉಂಟು. ತುಕ್ಕಿಗೆ ಆ ಗುಣವಿಲ್ಲ. ಕಬ್ಬಿಣವು ನೀರಿನೊಡನೆ, ಗಾಳಿಯ ಆಮ್ಲಜನಕದೊಡನೆ ಕೂಡಿ ತುಕ್ಕಾದಾಗ ತಾನು ಮೊದಲಿದ್ದ ಜಾಗಕ್ಕಿಂತ ಹಲವು ಪಟ್ಟು ಜಾಗವನ್ನು ಬೇಡುತ್ತದೆ. ಉಬ್ಬುತ್ತದೆ, ಪದರು ಪದರಾಗಿ ಕಳಚುತ್ತದೆ, ಕಳಚಿದೆಡೆಯಲ್ಲಿ ಹೊಸ ಕಬ್ಬಿಣವನ್ನು ನೀರಿಗೆ ಒಡ್ಡುತ್ತದೆ. ಮೇಲೊಂದು ಬಣ್ಣವಿದ್ದರೆ ಇದೆಲ್ಲವೂ ಯಾರ ಕಣ್ಣಿಗೂ ಬೀಳದೆ ನಡೆಯುತ್ತದೆ.

ಬೆಂಗಳೂರಿನ ಪೀಣ್ಯದವರಿಗೆ ಈ ಮಾತನ್ನು ಬಿಡಿಸಿ ಹೇಳಬೇಕಾಗಿಲ್ಲ. 2010ರಲ್ಲಿ ಸಂಚಾರಕ್ಕೆ ತೆರೆದಿದ್ದ ತುಮಕೂರು ರಸ್ತೆಯ ಮೇಲ್ಸೇತುವೆಯನ್ನು 2021ರ ಡಿಸೆಂಬರಿನಲ್ಲಿ ಮುಚ್ಚಬೇಕಾಯಿತು. ಎರಡು ಕಂಬಗಳ ನಡುವಿನ ಕಾಂಕ್ರೀಟಿನೊಳಗೆ ಬಿಗಿದು ಕಟ್ಟಿದ್ದ ಉಕ್ಕಿನ ಕೇಬಲ್ಲುಗಳು ತುಕ್ಕು ಹಿಡಿದಿದ್ದವು. ಕೆಳಗೆ ನಿಂತು ನೋಡಿದವರಿಗೆ ಅದೇ ಬೂದು ಕಾಂಕ್ರೀಟು, ಅದೇ ಗಾಂಭೀರ್ಯ. ಎರಡು ತಿಂಗಳ ತರುವಾಯ ಲಘು ವಾಹನಗಳಿಗೆ ದಾರಿ ಬಿಟ್ಟರೂ ಭಾರೀ ವಾಹನಗಳು ಮತ್ತೆ ಆ ಸೇತುವೆಯನ್ನು ಹತ್ತಿದ್ದು 2024ರ ಜುಲೈನಲ್ಲಿ. ಅಷ್ಟೂ ಕಾಲ ಪೀಣ್ಯದ ಕಾರ್ಖಾನೆಗಳಿಗೆ ತಗಡು ಹೊತ್ತು ತರುವ ಲಾರಿಗಳು ಕೆಳಗಿನ ರಸ್ತೆಯಲ್ಲಿಯೇ ತೆವಳಿದವು.

ಆ ರಸ್ತೆಯಿಂದ ಒಳಕ್ಕೆ ಹೊರಳಿ, ಲೇತ್ ಯಂತ್ರಗಳ ಸದ್ದಿನ ಒಂದೆರಡು ಓಣಿಗಳನ್ನು ದಾಟಿದರೆ ಒಂದು ಶೆಡ್ಡು. ವಾಹನಗಳ ತಗಡಿನ ಕೆಲಸಕ್ಕೆ ಬೆಂಗಳೂರಿನ ಜನ ಇಟ್ಟಿರುವ ಹೆಸರು ಟಿಂಕರಿಂಗ್. ಅದನ್ನು ಮಾಡುವವರು ಟಿಂಕರ್ ಮೇಸ್ತ್ರಿ. ಈ ಶೆಡ್ಡಿನ ಮೇಸ್ತ್ರಿ ಹಾವೇರಿ ಸೀಮೆಯಿಂದ ಹದಿನಾರನೆಯ ವಯಸ್ಸಿನಲ್ಲಿ ಬಂದು ಇಲ್ಲಿ ಸುತ್ತಿಗೆ ಹಿಡಿದವರು. ಅವರ ಬಳಿಗೆ ಎಲೆಕ್ಟ್ರಾನಿಕ್ ಸಿಟಿಯಲ್ಲಿ ಕೆಲಸ ಮಾಡುವ ಒಬ್ಬ ಇಂಜಿನಿಯರು ಜೀಪೊಂದನ್ನು ತಂದು ನಿಲ್ಲಿಸಿದರು. 1987ರ ಮಹೀಂದ್ರ ಎಂಎಂ 540. ಪೂಜೋ ಕಂಪನಿಯ ವಿನ್ಯಾಸದ ಡೀಸೆಲ್ ಇಂಜಿನ್ನು, ನಾಲ್ಕೂ ಚಕ್ರಗಳಿಗೆ ಬಲ ಕೊಡುವ ಗೇರು. ಸಕಲೇಶಪುರದ ಕಡೆಯ ಕಾಫಿ ತೋಟದಲ್ಲಿ ಮೂವತ್ತೈದು ಮಳೆಗಾಲಗಳನ್ನು ಕಂಡ ಗಾಡಿ. ತಂದೆಯವರು ಲಿಂಗೈಕ್ಯರಾದ ಮೇಲೆ ಮಗ ಅದನ್ನು ನಗರಕ್ಕೆ ತಂದಿದ್ದರು. ಖಾಸಗಿ ವಾಹನದ ನೋಂದಣಿ 15 ವರ್ಷಕ್ಕೆ ಮುಗಿಯುತ್ತದೆ. ಆಮೇಲೆ ಐದೈದು ವರ್ಷಕ್ಕೆ ತಪಾಸಣೆ ಮಾಡಿಸಿ ನವೀಕರಿಸಬೇಕು. ಆ ದಿನ ಹತ್ತಿರವಾಗಿತ್ತು.

ಜೀಪು ನೋಡಲು ಚೆನ್ನಾಗಿಯೇ ಇತ್ತು. ಕೆಲವು ವರ್ಷಗಳ ಹಿಂದೆ ತಂದೆ ಅದಕ್ಕೆ ಒಂದು ಗ್ಯಾರೇಜಿನಲ್ಲಿ ಹೊಸ ಹಸಿರು ಬಣ್ಣ ಹೊಡೆಸಿದ್ದರು. ಮೇಸ್ತ್ರಿ ಬಣ್ಣವನ್ನು ಹೊಗಳಲಿಲ್ಲ, ತೆಗಳಲೂ ಇಲ್ಲ. ಕಿಸೆಯಿಂದ ಒಂದು ಆಯಸ್ಕಾಂತದ ತುಂಡನ್ನು ತೆಗೆದರು. ಒಡೆದ ಸ್ಪೀಕರಿನಿಂದ ಕಿತ್ತದ್ದು.

“ಸಾರ್, ನಿಮ್ಮ ಜೀಪಿನಲ್ಲಿ ಜೀಪು ಎಷ್ಟಿದೆ, ಪುಟ್ಟಿ ಎಷ್ಟಿದೆ, ಮೊದಲು ಅದನ್ನ ನೋಡೋಣ.”

ಬಾನೆಟ್ಟಿಗೆ ಆಯಸ್ಕಾಂತ ಟಕ್ಕನೆ ಹತ್ತಿಕೊಂಡಿತು. ಮುಂದಿನ ಮಡ್ಗಾರ್ಡಿಗೂ ಹತ್ತಿತು. ಬಾಗಿಲ ಕೆಳಗಿನ ಅಂಚಿಗೆ ಹಿಡಿದಾಗ ಜಾರಿ ನೆಲಕ್ಕೆ ಬಿತ್ತು. ಹಿಂದಿನ ಚಕ್ರದ ಮೇಲಿನ ಕಮಾನಿನಲ್ಲಿ ಬಿತ್ತು. ಹಿಂಬದಿಯ ಮೂಲೆಗಳಲ್ಲಿಯೂ ಬಿತ್ತು. ಬಿದ್ದಲ್ಲೆಲ್ಲ ಮೇಸ್ತ್ರಿ ಸೀಮೆಸುಣ್ಣದಲ್ಲಿ ಒಂದು ಗೆರೆ ಎಳೆದರು. ಕಾಲು ಗಂಟೆಯಲ್ಲಿ ಹಸಿರು ಜೀಪಿನ ಕೆಳಭಾಗವೆಲ್ಲ ಬಿಳಿಯ ಗೆರೆಗಳಿಂದ ತುಂಬಿತು. ಅದನ್ನು ನೋಡುತ್ತ ನಿಂತ ಮಗನ ಮುಖದಲ್ಲಿ ಸಿಟ್ಟಿತ್ತು. ಮೇಸ್ತ್ರಿಯ ಮೇಲಲ್ಲ, ಆ ಬಣ್ಣಕ್ಕೆ ಹಣ ತೆತ್ತು, ಮನೆಗೆ ಬಂದವರಿಗೆಲ್ಲ ಸಂತೋಷದಿಂದ ತೋರಿಸುತ್ತಿದ್ದ ತಂದೆಯ ನೆನಪಾಗಿತ್ತು.

ಮಗ ಬರೆದು ತಂದಿದ್ದ ಒಂದು ಪಟ್ಟಿಯೂ ಇತ್ತು: ಅಗಲವಾದ ಟೈರು, ಎದುರಿಗೆ ದಪ್ಪ ಕಬ್ಬಿಣದ ಗಾರ್ಡು, ಮೇಲೆ ಗಟ್ಟಿ ಮಾಡು. ಅದು ಬೇಗನೆ ಚಿಕ್ಕದಾಯಿತು. ಎದುರಿನ ಗಾರ್ಡುಗಳನ್ನು ಕೇಂದ್ರ ಸಾರಿಗೆ ಇಲಾಖೆ 2017ರಲ್ಲಿಯೇ ನಿಷೇಧಿಸಿದೆ. ತಯಾರಕರು ಕೊಟ್ಟ ಮೂಲ ವಿವರಗಳಿಗೆ ಹೊಂದದಂತೆ ವಾಹನವನ್ನು ಮಾರ್ಪಡಿಸಬಾರದೆಂದು ಸುಪ್ರೀಂ ಕೋರ್ಟು 2019ರ ಜನವರಿಯಲ್ಲಿ ಹೇಳಿದೆ. ಇನ್ನೊಂದು ಸುಲಭದ ದಾರಿಯಿತ್ತು. ಹರಿಯಾಣದ ಮಂಡಿ ದಬ್ವಾಲಿಯಲ್ಲಿ ಜೀಪು ಕಟ್ಟುವವರ ದೊಡ್ಡ ಪೇಟೆಯೇ ಇದೆ. ಅಲ್ಲಿಂದ ಹೊಸ ಬಾಡಿಯನ್ನೇ ತರಿಸಿ ಹಳೆಯ ಚಾಸಿಗೆ ಕೂರಿಸಬಹುದು. ಮಗ ಒಪ್ಪಲಿಲ್ಲ. “ಅಪ್ಪ ಕೂತಿದ್ದ ಜೀಪು ಬೇಕು ಮೇಸ್ತ್ರಿ, ಅಂಥದ್ದೇ ಇನ್ನೊಂದು ಬೇಡ” ಎಂದರು. ಮೇಸ್ತ್ರಿ 60,000 ರೂಪಾಯಿ ಹೇಳಿದರು. ಕೆಲಸ ಶುರುವಾಯಿತು.

ಪುಟ್ಟಿಯನ್ನು ಉಳಿಯಿಂದ ಎಬ್ಬಿಸಿದಾಗ ಕೆಲವೆಡೆ ಅದು ಅರ್ಧ ಬೆರಳು ದಪ್ಪಕ್ಕೆ ಹೆಪ್ಪಾಗಿ ಬಂತು. ಕೆಳಗೆ ತಗಡಿರಲಿಲ್ಲ; ಫೈಬರ್ ಬಟ್ಟೆಯನ್ನು ರಾಳದಲ್ಲಿ ಅದ್ದಿ ತೂತುಗಳಿಗೆ ಹೊದಿಸಿದ್ದರು. ಪುಟ್ಟಿ ತನ್ನಷ್ಟಕ್ಕೆ ಕೆಟ್ಟ ವಸ್ತುವೇನಲ್ಲ. ಸುತ್ತಿಗೆಯಿಂದ ಸಮ ಮಾಡಿದ ಮೇಲೂ ಉಳಿಯುವ ಕೂದಲೆಳೆಯ ತಗ್ಗನ್ನು ತುಂಬಲು ಅದು ಬೇಕೇ ಬೇಕು. ತಗಡು ಇರಬೇಕಾದಲ್ಲಿ ಅದನ್ನು ತುಂಬಿದರೆ ಅದರ ಹಿಂದೆ ತೇವ ನಿಲ್ಲುತ್ತದೆ, ಸುತ್ತಲಿನ ಒಳ್ಳೆಯ ತಗಡನ್ನೂ ತಿನ್ನುತ್ತದೆ.

ನೆಲದ ರಬ್ಬರು ಹಾಸನ್ನು ಕಿತ್ತಾಗ ಕಂಡದ್ದು ಬೇರೆ. ಚಾಲಕನ ಎಡಬದಿಯ ಸೀಟಿನ ಮುಂದೆ, ಕಾಲಿಡುವಲ್ಲಿ, ಎಣ್ಣೆಯ ಡಬ್ಬಿಯನ್ನು ಸೀಳಿ ಚಪ್ಪಟೆ ಮಾಡಿದ ಒಂದು ತೇಪೆ. ಸುತ್ತ ಎಂಟು ರಿವೆಟ್ಟು, ಅಂಚಿಗೆ ಡಾಂಬರು. ಮೇಸ್ತ್ರಿ ಅದರ ಮೇಲೆ ಬೆರಳಾಡಿಸಿ, “ಇದು ಟಿಂಕರ್ ಮಾಡಿದ ಕೆಲಸ ಅಲ್ಲ. ಆದರೆ ಮನಸ್ಸಿಟ್ಟು ಮಾಡಿದ್ದಾರೆ” ಎಂದರು. ಅದನ್ನು ಮಾಡಿದ್ದು ತಂದೆ. ಮಗನಿಗೆ ಹತ್ತು ವರ್ಷವಿದ್ದಾಗ, ಒಂದು ಆಷಾಢದ ಸಂಜೆ, ತೋಟದ ಮನೆಯ ಕೊಟ್ಟಿಗೆಯಲ್ಲಿ. ಟಾರ್ಚು ಹಿಡಿದು ನಿಂತವನು ಆ ಹುಡುಗನೇ.

ಆ ಒಂದು ಚೌಕ ಉಳಿಯಲಿ ಎಂದು ಮಗ ಕೇಳಿಕೊಂಡರು. ಮೇಸ್ತ್ರಿ ಉತ್ತರ ಕೊಡದೆ ಸ್ಕ್ರೂಡ್ರೈವರಿನ ತುದಿಯನ್ನು ತೇಪೆಯ ಪಕ್ಕಕ್ಕೆ ಒತ್ತಿದರು. ಅದು ಬಿಸ್ಕತ್ತಿನಲ್ಲಿ ಇಳಿದಂತೆ ಇಳಿಯಿತು. ಎರಡು ತಗಡುಗಳ ನಡುವಿನ ಸಂದಿಗೆ ನೀರು ಹೊಕ್ಕರೆ ಹೊರಬರುವುದಿಲ್ಲ. ಅಲ್ಲಿ ಹುಟ್ಟಿದ ತುಕ್ಕು ಉಬ್ಬಿ, ರಿವೆಟ್ಟುಗಳನ್ನೇ ಜಗ್ಗಿ, ಎರಡನ್ನೂ ಬೇರ್ಪಡಿಸುತ್ತದೆ. ತಂದೆಯ ತೇಪೆ ತನ್ನ ಸುತ್ತ ಒಂದು ಮೊಳದಷ್ಟು ನೆಲವನ್ನು ಕರಗಿಸಿತ್ತು. ತುಕ್ಕು ಅಲ್ಲಿಗೇ ನಿಂತಿರಲಿಲ್ಲ. ನೆಲಕ್ಕೆ ಕೆಳಗಿನಿಂದ ಆಸರೆ ಕೊಡುವ ಪಟ್ಟಿಗಳಲ್ಲಿ ಎರಡು ಪೂರ್ತಿ ಹೋಗಿದ್ದವು, ಚಾಸಿಯ ಹಿಂದಿನ ಅಡ್ಡಪಟ್ಟಿಯೂ ಸಂಶಯದಲ್ಲಿತ್ತು. ಮೇಸ್ತ್ರಿ ಸುತ್ತಿಗೆಯಿಂದ ಅದನ್ನು ತಟ್ಟುತ್ತ ಹೋದರು. ಗಟ್ಟಿ ಕಬ್ಬಿಣ ಟಣ್ ಎನ್ನುತ್ತದೆ. ತಿಂದುಹೋದದ್ದು ದಪ್ ಎನ್ನುತ್ತದೆ. ಎರಡು ಕಡೆ ದಪ್ ಎಂದಿತು.

ಈಗ ಇಕ್ಕಟ್ಟು ಮೇಸ್ತ್ರಿಯದು. 60,000 ಎಂದು ಬಾಯಿಬಿಟ್ಟಾಗಿತ್ತು. ಕೆಲಸ ಲಕ್ಷ ದಾಟುವುದು ಖಚಿತವಾಗಿತ್ತು. ಆಯ್ದಕ್ಕಿ ಮಾರಯ್ಯನವರು ಒಂದು ದಿನ ಅಗತ್ಯಕ್ಕಿಂತ ಹೆಚ್ಚು ಅಕ್ಕಿಯನ್ನು ಆಯ್ದು ತಂದಾಗ ಪತ್ನಿ ಲಕ್ಕಮ್ಮನವರು ಅದನ್ನು ತಂದಲ್ಲಿಗೇ ಸುರಿದು ಬರುವಂತೆ ಹೇಳಿದ ಪ್ರಸಂಗವನ್ನು ಅರಿಯದ ಭಕ್ತರಿಲ್ಲ. ಕಾಯಕದಲ್ಲಿ ಆಸೆಯನ್ನು ಹದ್ದಿನಲ್ಲಿಡುವ ಮಾತು ಬಂದಾಗಲೆಲ್ಲ ಆ ತಾಯಿಯ ಹೆಸರು ಬರುತ್ತದೆ. ಆದರೆ ಹೆಚ್ಚು ತಂದವರ ಪ್ರಶ್ನೆ ಅದು. ಕಡಿಮೆ ಹೇಳಿ ಸಿಕ್ಕಿಕೊಂಡವರು ಏನು ಮಾಡಬೇಕು? ಕೈಯಿಂದ ಕಳೆದುಕೊಂಡು ಮಾಡಿದರೆ ಶೆಡ್ಡಿನ ಇಬ್ಬರು ಹುಡುಗರ ಸಂಬಳಕ್ಕೆ ಕುತ್ತು. ಹೆಚ್ಚು ಕೇಳಿದರೆ, ಬಿಚ್ಚಿಟ್ಟ ಮೇಲೆ ಬೆಲೆ ಏರಿಸಿದನೆಂಬ ಮಾತು. ಮೂರನೆಯ ದಾರಿ ಎಲ್ಲಕ್ಕಿಂತ ಸುಲಭ: ನೆಲದ ಮೇಲೆ ಹೊಸ ತಗಡು ಬೆಸೆದು ಕೆಳಗಿನದನ್ನು ಹಾಗೆಯೇ ಬಿಟ್ಟರೆ ತಪಾಸಣೆಯೂ ಮುಗಿಯುತ್ತದೆ, ನಾಲ್ಕಾರು ವರ್ಷ ಯಾರಿಗೂ ತಿಳಿಯುವುದಿಲ್ಲ. ಆ ರಾತ್ರಿ ತಮಗೂ ಆ ಯೋಚನೆ ಬಂದುಹೋಯಿತೆಂದು ಮೇಸ್ತ್ರಿ ಆಮೇಲೆ ಮುಚ್ಚುಮರೆಯಿಲ್ಲದೆ ಹೇಳಿಕೊಂಡರು. ಸತ್ಯಶುದ್ಧ ಕಾಯಕ ಎಂಬ ಮಾತನ್ನು ವೇದಿಕೆಯ ಮೇಲೆ ಆಡುವುದು ಹಗುರ. ಅರ್ಧ ಬಿಚ್ಚಿದ ಜೀಪಿನ ಮುಂದೆ, ಆಡಿದ ಮಾತಿನ ಸಾಲ ಹೊತ್ತು ನಿಂತವರಿಗೆ ಅದರ ತೂಕ ಗೊತ್ತು.

ಬೆಳಿಗ್ಗೆ ಅವರು ಫೋನು ಮಾಡಿದರು. ಫೋಟೋ ಕಳಿಸಿ ಎಂದರು ಮಗ. “ಬೇಡ ಸಾರ್, ಬಂದು ಕೈಯಲ್ಲಿ ಮುಟ್ಟಿ ನೋಡಿ. ಆಮೇಲೆ ದುಡ್ಡಿನ ಮಾತು.” ಸಂಜೆ ಬಂದ ಮಗ ಜೀಪಿನ ಕೆಳಗೆ ಮಲಗಿ, ಮೇಸ್ತ್ರಿ ತೋರಿಸಿದಲ್ಲೆಲ್ಲ ಬೆರಳಿಟ್ಟರು. ಕೈತುಂಬ ಕೆಂಪು ಪುಡಿ. ಒಟ್ಟು ಲೆಕ್ಕ 1,10,000ಕ್ಕೆ ಬಂತು. ತಮ್ಮ ಅಂದಾಜಿನ ತಪ್ಪಿಗೆಂದು ಮೇಸ್ತ್ರಿ ಅದರಲ್ಲಿ ತಮ್ಮ ಕೂಲಿಯ ಒಂದು ಪಾಲನ್ನು ಬಿಟ್ಟರು. ಮಗ ಹಣದ ಬಗೆಗೆ ಚೌಕಾಸಿ ಮಾಡಲಿಲ್ಲ. ತೇಪೆಯ ಬಗೆಗೆ ಮಾತ್ರ ಊರಿಗೆ ಫೋನು ಮಾಡಿ ತಾಯಿಯನ್ನು ಕೇಳಿದರು.

“ಅದನ್ನ ಆ ಮಳೆಗಾಲ ಕಳೀಲಿ ಅಂತ ಹಾಕಿದ್ದು ಕಣೋ” ಎಂದರು ತಾಯಿ. “ಎಷ್ಟು ಮಳೆಗಾಲ ಆಯ್ತು. ತೆಗೆಸು ಮಗ.”

ಬಾಡಿಯನ್ನು ಚಾಸಿಯಿಂದ ಎತ್ತುವ ಮೊದಲು ಮೇಸ್ತ್ರಿ ಎರಡೂ ಬಾಗಿಲುಗಳ ತೆರಪಿಗೆ ಅಡ್ಡವಾಗಿ ಕಬ್ಬಿಣದ ಪೈಪುಗಳನ್ನು ಬೆಸೆದರು. ನೆಲವಿಲ್ಲದ ಬಾಡಿ ಎತ್ತಿದೊಡನೆ ಸೊಟ್ಟಗಾಗುತ್ತದೆ. ಒಮ್ಮೆ ಸೊಟ್ಟಗಾದರೆ ಬಾಗಿಲು ಮತ್ತೆಂದೂ ಸರಿಯಾಗಿ ಕೂರುವುದಿಲ್ಲ. ಡೀಸೆಲ್ ಟ್ಯಾಂಕು, ಬ್ಯಾಟರಿ ಕಳಚಿ ದೂರ ಇಟ್ಟರು. ಚಾಸಿಯ ಮೇಲೆ ಕೆತ್ತಿದ ಸಂಖ್ಯೆಗೆ ಗ್ರೀಸು ಬಳಿದು ಬಟ್ಟೆ ಸುತ್ತಿದರು. ಗ್ರೈಂಡರು ಅಪ್ಪಿತಪ್ಪಿ ಅಲ್ಲಿ ಹರಿದರೆ, ಉಳಿದುದೆಲ್ಲ ಸರಿಯಿದ್ದರೂ ಸಾರಿಗೆ ಕಚೇರಿಯ ಲೆಕ್ಕದಲ್ಲಿ ಆ ಜೀಪು ಇಲ್ಲವೇ ಇಲ್ಲ.

ಕತ್ತರಿಸುವುದಕ್ಕೆ ಅವರದೊಂದು ನಿಯಮ: ತುಕ್ಕು ಮುಗಿದಲ್ಲಿ ನಿಲ್ಲಬಾರದು; ಅಲ್ಲಿಂದ ಎರಡು ಬೆರಳು ಮುಂದೆ, ತಗಡು ಎರಡೂ ಮಗ್ಗುಲಲ್ಲಿ ಬೆಳ್ಳಗೆ ಹೊಳೆಯುವಲ್ಲಿ ನಿಲ್ಲಬೇಕು. ತೆಳುವಾದ ತುಕ್ಕಿಗೆ ಬೆಂಕಿ ಮುಟ್ಟಿಸಿದರೆ ಬೆಸುಗೆ ಹಿಡಿಯುವುದಿಲ್ಲ, ತೂತು ದೊಡ್ಡದಾಗುತ್ತದೆ. ನೆಲಕ್ಕೆ 16 ಗೇಜಿನ ತಗಡು, ಪಕ್ಕಗಳಿಗೆ 18 ಗೇಜು. ಮೊದಲು ರಟ್ಟಿನಲ್ಲಿ ಅಚ್ಚು ಕತ್ತರಿಸಿ, ಅದರಂತೆ ತಗಡು ಕತ್ತರಿಸಿ, ಅಂಚು ಬಗ್ಗಿಸಿ ಕೂರಿಸಿದರು. ಕಾರ್ಬನ್ ಡೈಆಕ್ಸೈಡಿನ ವೆಲ್ಡಿಂಗು. ಒಂದೇ ಸಮನೆ ಗೆರೆ ಎಳೆದಂತಲ್ಲ. ಇಲ್ಲೊಂದು ಚುಕ್ಕೆ, ಅಲ್ಲೊಂದು ಚುಕ್ಕೆ, ನಡುವೆ ತಣಿಯಲು ಬಿಡುವು. ಅವಸರ ಮಾಡಿದರೆ ಶಾಖಕ್ಕೆ ತಗಡು ಹಪ್ಪಳದಂತೆ ಏಳುತ್ತದೆ. ನಾಲ್ಕು ದಿನ ಹಿಡಿಯಿತು.

ಕತ್ತರಿಸಲಾಗದ ಮೂಲೆಗಳಿಗೆ ಮೇಸ್ತ್ರಿ ಫಾಸ್ಫಾರಿಕ್ ಆಮ್ಲದ ದ್ರವ ಬಳಿದರು. ಕೆಂಪು ತುಕ್ಕು ನಿಧಾನವಾಗಿ ಕಪ್ಪಾಯಿತು. ಕಬ್ಬಿಣದ ಫಾಸ್ಫೇಟು ಗಟ್ಟಿ ಪದರಾಗಿ ಅಂಟಿಕೊಳ್ಳುತ್ತದೆ. ದೆಹಲಿಯ ಕಬ್ಬಿಣದ ಕಂಬ ಸುಮಾರು 1,600 ವರ್ಷ ಬಿಸಿಲು ಮಳೆಗಳಲ್ಲಿ ನಿಂತಿರುವುದಕ್ಕೂ ಅದರ ಕಬ್ಬಿಣದಲ್ಲಿರುವ ಹೆಚ್ಚಿನ ರಂಜಕವೇ ಕಾರಣವೆಂದು ಕಾನ್ಪುರ ಐಐಟಿಯ ಪ್ರೊ. ಆರ್. ಬಾಲಸುಬ್ರಮಣಿಯಂ ತೋರಿಸಿದ್ದಾರೆ. ಇಂಗಾಲದ ಒಲೆಯಲ್ಲಿ ಕಬ್ಬಿಣ ತೆಗೆದ ಅಂದಿನ ಕಮ್ಮಾರರ ಹೆಸರನ್ನು ಯಾರೂ ಬರೆದಿಡಲಿಲ್ಲ. ನಮ್ಮ ಕೊಡಚಾದ್ರಿಯ ಮೇಲೆ, ಮೂಲ ಮೂಕಾಂಬಿಕೆಯ ಗುಡಿಯ ಬಳಿಯೂ ಅಂಥದೊಂದು ಕಬ್ಬಿಣದ ಕಂಬವಿದೆ. ಪಶ್ಚಿಮ ಘಟ್ಟದ ಮಳೆಯನ್ನೆಲ್ಲ ತಲೆಯ ಮೇಲೆ ಸುರಿಸಿಕೊಂಡು ನಿಂತಿದೆ. ಅಲ್ಲಿಗೆ ಯಾತ್ರಿಕರನ್ನು ಹೊತ್ತು ಹತ್ತುವುದೂ ಜೀಪುಗಳೇ. ಇದೇ ಜೀಪಿನಲ್ಲಿ ತಂದೆ ಒಮ್ಮೆ ಮನೆಮಂದಿಯನ್ನು ಆ ಬೆಟ್ಟಕ್ಕೆ ಕರೆದೊಯ್ದಿದ್ದರು. ಮಗನಿಗೆ ಕಂಬ ನೆನಪಿಲ್ಲ. ಕಾಲಡಿಯ ತೂತಿನಿಂದ ಕೆಸರು ಚಿಮ್ಮಿ ತಾಯಿಯ ಸೀರೆಯೆಲ್ಲ ಕೆಂಪಾದದ್ದು ನೆನಪಿದೆ. ತೇಪೆ ಹಾಕಿದ್ದು ಅದರ ಮಾರನೆಯ ವಾರ.

ಕತ್ತರಿಸಿದ ತೇಪೆಯನ್ನು ಮೇಸ್ತ್ರಿ ಎಸೆದಿರಲಿಲ್ಲ. ತಂತಿಯ ಬ್ರಷ್ಷಿನಲ್ಲಿ ಉಜ್ಜಿ, ಎಣ್ಣೆ ಒರೆಸಿ, ಹಳೆಯ ವೃತ್ತಪತ್ರಿಕೆಯಲ್ಲಿ ಸುತ್ತಿ ಕೊಟ್ಟರು. “ಸೀಟಿನ ಕೆಳಗಿನ ಡಬ್ಬದಲ್ಲಿ ಇಡಬೇಡಿ ಸಾರ್, ಅಲ್ಲಿ ತೇವ ನಿಲ್ಲುತ್ತೆ. ಮನೆಯಲ್ಲಿ ಇಡಿ.”

ಕೊನೆಯ ದಿನ ರೆಡ್ ಆಕ್ಸೈಡು ಒಣಗಿದ್ದ ಹೊಸ ನೆಲಕ್ಕೆ ಮೇಸ್ತ್ರಿ ಡ್ರಿಲ್ಲು ಹಿಡಿದಾಗ ಮಗ ಬೆಚ್ಚಿದರು. ಇಷ್ಟು ಕಷ್ಟಪಟ್ಟು ಮುಚ್ಚಿದ ನೆಲಕ್ಕೆ ಮತ್ತೆ ತೂತೇ? ಮೇಸ್ತ್ರಿ ನಾಲ್ಕು ಮೂಲೆಗಳಲ್ಲಿ ನಾಲ್ಕು ತೂತು ಕೊರೆದು, ಅಂಚಿಗೆ ಬಣ್ಣ ಸವರಿದರು. ಬಣ್ಣ ಒಣಗಿದ ಮೇಲೆ ಹುಡುಗನಿಂದ ಎರಡು ಬಕೆಟ್ ನೀರು ತರಿಸಿ ಜೀಪಿನ ಒಳಗೆ ಸುರಿದರು. ಮೂವರೂ ಬಗ್ಗಿ ಕೆಳಗೆ ನೋಡಿದರು. ಮೂರು ಮೂಲೆಗಳಿಂದ ನೀರು ಧಾರೆಯಾಗಿ ಇಳಿಯಿತು. ನಾಲ್ಕನೆಯದರಲ್ಲಿ, ಹಿಂದಿನ ಬಲಭಾಗದಲ್ಲಿ, ಒಂದು ಅಂಗೈಯಷ್ಟು ನೀರು ನಿಂತೇ ಇತ್ತು. ಮೇಸ್ತ್ರಿ ಅದನ್ನು ಬಟ್ಟೆಯಿಂದ ಒರೆಸಿ, ಸೀಮೆಸುಣ್ಣದಲ್ಲಿ ಗುರುತು ಹಾಕಿ, ಡ್ರಿಲ್ಲನ್ನು ಮತ್ತೆ ಕೈಗೆತ್ತಿಕೊಂಡರು.