ಬೇಸ್ ಎಲ್ಲಿ ಹೋಯ್ತು?

ಮೆಟಾಲಿಕಾ ಬ್ಯಾಂಡಿನ ಇಬ್ಬರು ಅಭಿಮಾನಿಗಳನ್ನು ಒಂದೇ ಟೇಬಲ್ಲಿಗೆ ಕೂರಿಸಿ, ‘ಆ್ಯಂಡ್ ಜಸ್ಟಿಸ್ ಫಾರ್ ಆಲ್’ ಅಂತ ಒಂದು ಹೆಸರು ಹೇಳಿ ಸುಮ್ಮನಾಗಿಬಿಡಿ. ತಂದಿಟ್ಟ ಕಾಫಿ ಆರಿಹೋಗುತ್ತೆ, ಜಗಳ ಮಾತ್ರ ಆರಲ್ಲ. 1988ರಲ್ಲಿ ಬಂದ ಆಲ್ಬಂ ಅದು, ನಾನು ಹುಟ್ಟೋದಕ್ಕೂ ಮುಂಚೆ. ಆದರೂ ವರ್ಷಕ್ಕೆ ನಾಲ್ಕು ಸಲವಾದರೂ ಅದರ ವಿಷಯಕ್ಕೆ ಯಾರ ಜೊತೆಗಾದರೂ ಗಂಟಲು ಹರಿದುಕೊಂಡಿರುತ್ತೇನೆ.

ಜಗಳದ ವಿಷಯ ಇಷ್ಟೇ: ಆ ಆಲ್ಬಂನಲ್ಲಿ ಬೇಸ್ ಗಿಟಾರ್ ಕೇಳಿಸಲ್ಲ.

ಗಿಟಾರ್ ಗೊತ್ತು, ಡ್ರಮ್ಸ್ ಗೊತ್ತು, ಈ ಬೇಸ್ ಅಂದ್ರೇನು ಅಂತ ಕೇಳುವವರಿಗೆ ಒಂದು ಮಾತು. ದಪ್ಪ ತಂತಿಗಳ, ಮಂದ್ರದಲ್ಲಿ ನುಡಿಯುವ ಗಿಟಾರ್ ಅದು. ಕಿವಿಗಿಂತ ಮೊದಲು ಎದೆಗೆ ತಾಗುತ್ತೆ. ಇಳಯರಾಜ ಅವರು ‘ಪಲ್ಲವಿ ಅನುಪಲ್ಲವಿ’ಗೆ ಮಾಡಿದ ಹಾಡುಗಳನ್ನು ಒಳ್ಳೆ ಹೆಡ್‌ಫೋನ್ ಹಾಕಿಕೊಂಡು ಕೇಳಿ. ಹಾಡುವವರ ದನಿಯ ಕೆಳಗೆ ಇನ್ನೊಬ್ಬ ತನ್ನ ಪಾಡಿಗೆ ತಾನು ಓಡಾಡಿಕೊಂಡಿರುತ್ತಾನೆ. ಅವನೇ ಬೇಸ್. ಇದ್ದಾಗ ಯಾರೂ ಗಮನಿಸಲ್ಲ, ತೆಗೆದುಬಿಟ್ಟರೆ ಹಾಡು ತಗಡಿನ ಡಬ್ಬ ಆಗುತ್ತೆ.

ನನಗೆ ಈ ಹುಚ್ಚು ಹತ್ತಿಸಿದ್ದು ಮೈಸೂರಿನ ನಮ್ಮ ದೊಡ್ಡಪ್ಪನ ಮಗ. ತೊಂಬತ್ತರ ದಶಕದಲ್ಲಿ ಪಾಕೆಟ್ ಮನಿ ಕೂಡಿಸಿ ಕ್ಯಾಸೆಟ್ ಕೊಂಡವನು. ಅವನ ಪ್ರಕಾರ ಈ ಆಲ್ಬಂನ ಒಂದು ಎಳೆಯನ್ನೂ ಯಾರೂ ಮುಟ್ಟಕೂಡದು. “ಲೋ, ಹಾಡು ಯಾವುದರ ಬಗ್ಗೆ ಅಂತ ನೋಡೋ ಮೊದ್ಲು. ಒಂದು ಹಾಡಲ್ಲಿ ಭೂಮಿ ಸುಟ್ಟು ಕರಕಲಾಗ್ತಿದೆ. ಇನ್ನೊಂದ್ರಲ್ಲಿ ನ್ಯಾಯ ದುಡ್ಡಿಗೆ ಮಾರಾಟ ಆಗ್ತಿದೆ. ಮತ್ತೊಂದ್ರಲ್ಲಿ ಯುದ್ಧದಲ್ಲಿ ಕೈ ಕಾಲು ಕಣ್ಣು ಎಲ್ಲ ಕಳ್ಕೊಂಡ ಸೈನಿಕ ಮಲಗಿದ್ದಾನೆ. ಇದಕ್ಕೆಲ್ಲ ಬೆಚ್ಚಗೆ, ದುಂಡಗೆ ಸೌಂಡ್ ಬೇಕಾ ನಿಂಗೆ? ಮಾಂಸ ಇಲ್ಲ, ಬರೀ ಮೂಳೆ. ಅದಕ್ಕೇ ಚೆನ್ನಾಗಿರೋದು.”

ಎದುರು ಪಕ್ಷದಲ್ಲಿ ನನ್ನ ರೂಮ್‌ಮೇಟ್, ಹುಬ್ಬಳ್ಳಿಯವನು. ಮೊದಲ ಸಲ ಆಲ್ಬಂ ಹಾಕಿದಾಗ ಎರಡನೇ ಹಾಡಿಗೇ ಕೈ ಎತ್ತಿದ. “ಲೇ, ಬೇಸ್ ಎಲ್ಲಿ ಐತಲೇ ಇದರಾಗ? ಪಲ್ಯಾ ಇಲ್ದ ಕಟಕ್ ರೊಟ್ಟಿ ತಿಂದಂಗ ಆಗ್ತೈತಿ.”

ಇಬ್ಬರ ಮಾತೂ ನಿಜ, ತೊಂದರೆ ಅದೇ. ಆದರೆ ಬೇಸ್ ಯಾಕೆ ಕೇಳಿಸಲ್ಲ ಅನ್ನುವ ಕತೆ ಸೌಂಡಿಗಿಂತ ದೊಡ್ಡದು.

ಮೆಟಾಲಿಕಾದ ಬೇಸ್ ವಾದಕ ಕ್ಲಿಫ್ ಬರ್ಟನ್. ಬೆಲ್ ಬಾಟಮ್ ಪ್ಯಾಂಟು, ಕೆದರಿದ ಕೂದಲು, ಬೇಸ್ ಗಿಟಾರಿನಲ್ಲೇ ಸೋಲೋ ನುಡಿಸುವ ಧೈರ್ಯ. ಬ್ಯಾಂಡಿಗೆ ಸಂಗೀತದ ವ್ಯಾಕರಣ ಹೇಳಿಕೊಟ್ಟವನು ಅವನೇ ಅಂತ ಉಳಿದವರೇ ಒಪ್ಪಿಕೊಳ್ಳುತ್ತಾರೆ. 1986ರ ಸೆಪ್ಟೆಂಬರ್ 27ರ ಬೆಳಗಿನ ಜಾವ ಸ್ವೀಡನ್‌ನಲ್ಲಿ ಪ್ರವಾಸದ ಬಸ್ಸು ಮಗುಚಿತು. ಕ್ಲಿಫ್ ಸತ್ತ. ವಯಸ್ಸು 24. ‘ಮಾಸ್ಟರ್ ಆಫ್ ಪಪೆಟ್ಸ್’ ಬಂದು ಏಳು ತಿಂಗಳೂ ಆಗಿರಲಿಲ್ಲ. ಉಳಿದ ಮೂವರೂ ಇಪ್ಪತ್ತರ ಆಸುಪಾಸಿನ ಹುಡುಗರು. ಅಳೋದು ಹೇಗೆ ಅಂತ ಗೊತ್ತಿಲ್ಲದ ವಯಸ್ಸು, ಕುಡಿಯೋದು ಮಾತ್ರ ಚೆನ್ನಾಗಿ ಗೊತ್ತಿತ್ತು. ಒಂದೂವರೆ ತಿಂಗಳಾಗುವಷ್ಟರಲ್ಲಿ ಹೊಸ ಬೇಸ್ ವಾದಕನನ್ನು ಆರಿಸಿ ಮತ್ತೆ ರಸ್ತೆಗಿಳಿದರು.

ಆ ಹೊಸಬ ಜೇಸನ್ ನ್ಯೂಸ್ಟೆಡ್, ಫ್ಲಾಟ್ಸಮ್ ಆ್ಯಂಡ್ ಜೆಟ್ಸಮ್ ಬ್ಯಾಂಡಿನಿಂದ ಬಂದವನು, ಸ್ವತಃ ಮೆಟಾಲಿಕಾದ ಕಟ್ಟಾ ಅಭಿಮಾನಿ. ಅವನಿಗೆ ಸಿಕ್ಕ ಸ್ವಾಗತ ಏನು ಗೊತ್ತಾ? ಹೋಟೆಲಿನ ಬಿಲ್ಲೆಲ್ಲ ಅವನ ರೂಮಿನ ಲೆಕ್ಕಕ್ಕೆ. ಜಪಾನಿನಲ್ಲಿ ಐಸ್‌ಕ್ರೀಂ ಅಂತ ನಂಬಿಸಿ ವಸಾಬಿ ಉಂಡೆ ತಿನ್ನಿಸಿದ್ದು. ಒಂದೆರಡು ವಾರದ ತಮಾಷೆ ಅಲ್ಲ, ವರ್ಷಗಟ್ಟಲೆ ನಡೆದ ರ‍್ಯಾಗಿಂಗ್. ಸತ್ತವನನ್ನು ಬೈಯೋಕಾಗಲ್ಲ, ಅವನ ಜಾಗದಲ್ಲಿ ಬಂದು ನಿಂತವನನ್ನು ಬೈಬಹುದು.

1988ರಲ್ಲಿ ಲಾಸ್ ಏಂಜಲೀಸ್‌ನಲ್ಲಿ ಆಲ್ಬಂ ರೆಕಾರ್ಡ್ ಆಯಿತು. ನಿರ್ಮಾಪಕ ಡೆನ್ಮಾರ್ಕಿನ ಫ್ಲೆಮಿಂಗ್ ರಾಸ್ಮುಸ್ಸನ್. ಜೇಸನ್ ತನ್ನ ಪಾಲನ್ನು ನುಡಿಸಿದ್ದು ಹೆಚ್ಚುಕಡಿಮೆ ಒಬ್ಬನೇ ಕೂತು, ಒಬ್ಬ ಸಹಾಯಕ ಎಂಜಿನಿಯರ್ ಜೊತೆ. ಜೇಮ್ಸ್ ಹೆಟ್‌ಫೀಲ್ಡ್ ಗಿಟಾರಿನಲ್ಲಿ ಏನಿದೆಯೋ ಬಹುಪಾಲು ಅದನ್ನೇ ನುಡಿಸಿದ. ‘ಇಲ್ಲಿ ಸ್ವಲ್ಪ ಬೇರೆ ಥರ ನುಡಿಸು’ ಅಂತ ಹೇಳೋಕೆ ಬ್ಯಾಂಡಿನವರು ಅಲ್ಲಿರಲಿಲ್ಲ. ಮಿಕ್ಸಿಂಗ್ ಹೊತ್ತಿಗೆ ಜೇಮ್ಸ್ ಮತ್ತು ಡ್ರಮ್ಮರ್ ಲಾರ್ಸ್ ಉಲ್ರಿಕ್ ದೊಡ್ಡ ದೊಡ್ಡ ಸ್ಟೇಡಿಯಂಗಳಲ್ಲಿ ನುಡಿಸಿ, ವಿಮಾನ ಹತ್ತಿ ಸ್ಟುಡಿಯೋಗೆ ಬಂದು, ಮತ್ತೆ ಓಡುತ್ತಿದ್ದರು. ಕಿವಿ ದಣಿದಿತ್ತು, ಅದಕ್ಕೇ ಹೀಗಾಯಿತು ಅನ್ನುವುದು ಒಂದು ಸಮಜಾಯಿಷಿ. ಜೇಮ್ಸ್‌ನ ಗಿಟಾರೇ ಕೆಳಗಿನ ಸ್ವರಗಳ ಜಾಗವನ್ನೆಲ್ಲ ನುಂಗಿತು ಅನ್ನುವುದು ಇನ್ನೊಂದು. ಆದರೆ ಮಿಕ್ಸ್ ಮಾಡಿದ ಇಬ್ಬರಲ್ಲಿ ಒಬ್ಬರಾದ ಸ್ಟೀವ್ ಥಾಂಪ್ಸನ್ ಸಂದರ್ಶನಗಳಲ್ಲಿ ಬೇರೆಯದೇ ಹೇಳಿದ್ದಾರೆ. ಬೇಸ್ ತಗ್ಗಿಸಿ ಅಂತ ಲಾರ್ಸ್ ಹೇಳಿದನಂತೆ. ಇನ್ನೇನು ಕೇಳಿಸುವುದೇ ಇಲ್ಲ ಅನ್ನುವಷ್ಟು ತಗ್ಗಿಸಿದರಂತೆ. ‘ಇನ್ನೂ ಸ್ವಲ್ಪ ತಗ್ಗಿಸಿ’ ಅಂದನಂತೆ.

ನನ್ನನ್ನು ಕೇಳಿದರೆ, ಕಿವಿ ದಣಿದ ವಾದ ಅರ್ಧಂಬರ್ಧ. ಯಾಕೆಂದರೆ ಅದಕ್ಕೆ ಒಂದೇ ವರ್ಷದ ಹಿಂದೆ, 1987ರಲ್ಲಿ ಇದೇ ನಾಲ್ವರು ಬೇರೆಯವರ ಹಾಡುಗಳನ್ನು ನುಡಿಸಿ ‘ಗರಾಜ್ ಡೇಸ್’ ಅಂತ ಪುಟ್ಟ ರೆಕಾರ್ಡ್ ತಂದಿದ್ದರು. ಅದರಲ್ಲಿ ಜೇಸನ್‌ನ ಬೇಸ್ ಗುಡುಗುತ್ತೆ. ಅಂದರೆ ಅವನಿಗೆ ನುಡಿಸೋಕೆ ಬರುತ್ತಿತ್ತು, ಇವರಿಗೆ ಕೇಳಿಸೋಕೆ ಬರುತ್ತಿತ್ತು. ತಮ್ಮದೇ ಹಾಡುಗಳು, ಕ್ಲಿಫ್ ಇರಬೇಕಾಗಿದ್ದ ಹಾಡುಗಳು ಬಂದಾಗ ಮಾತ್ರ ಗುಂಡಿ ಕೆಳಗಿಳಿಯಿತು.

ಇದನ್ನೆಲ್ಲ ನಾನು ಸಾವಿರ ಸಲ ಓದಿದ್ದೆ. ಬರೀ ಟ್ರಿವಿಯಾ ಆಗಿತ್ತು. 2021ರ ಜುಲೈನಲ್ಲಿ ಹೊಸ ಕೆಲಸಕ್ಕೆ ಸೇರಿದ ಮೇಲೆ ಟ್ರಿವಿಯಾ ಆಗಿ ಉಳಿಯಲಿಲ್ಲ.

ಐದು ಜನರ ಟೀಮು. ನಾನು ಸೇರಿದ ಜಾಗದಲ್ಲಿದ್ದವರು ಕೋವಿಡ್ ಎರಡನೇ ಅಲೆಯಲ್ಲಿ ತೀರಿಕೊಂಡಿದ್ದರು. ಅದು ನನಗೆ ಗೊತ್ತಾಗಿದ್ದು ಸೇರಿದ ನಾಲ್ಕನೇ ದಿನ, ಅದೂ ಕಾಲ್‌ನಲ್ಲಿ ಯಾರೋ ಅವರ ಹೆಸರು ಹೇಳಿ ಎಲ್ಲರೂ ಒಮ್ಮೆಲೇ ಮ್ಯೂಟ್ ಆದಾಗ. ಯಾರೂ ಒರಟಾಗಿ ಮಾತಾಡಿದವರಲ್ಲ. ಆದರೆ ನಾನು ಬರೆದ ಕೋಡು ‘ಟೀಮ್ ಮಾಡಿದ್ದು’ ಆಗುತ್ತಿತ್ತು. ನಾನು ಎದ್ದು ನಿಲ್ಲಿಸಿದ ಸರ್ವಿಸ್‌ನ ಡೆಮೊವನ್ನು ಲೀಡ್ ಕೊಟ್ಟರು, ಅದರಲ್ಲಿ ನನ್ನ ಹೆಸರು ಬರಲಿಲ್ಲ. ಡಾಕ್ಯುಮೆಂಟಿನಲ್ಲಿ ಓನರ್ ಅನ್ನುವ ಜಾಗದಲ್ಲಿ ತಿಂಗಳುಗಟ್ಟಲೆ ಅವರ ಹೆಸರೇ ಇತ್ತು. ರಾತ್ರಿ ಎರಡು ಗಂಟೆಗೆ ಅಲರ್ಟ್ ಬಂದರೆ ಏಳುತ್ತಿದ್ದವನು ನಾನು.

ಸಿಟ್ಟು ಬಂತಾ? ಬಂತು. ಅಮ್ಮನ ಹತ್ತಿರ ಹೇಳಿಕೊಂಡರೆ, “ಪಾಪ, ಅವರಿಗೂ ಸಂಕಟ ಇರುತ್ತಪ್ಪ, ಸ್ವಲ್ಪ ದಿನ ತಡ್ಕೊ” ಅಂದಳು. ತಡೆದುಕೊಂಡೆ. ಎಂಟು ತಿಂಗಳಾದ ಮೇಲೆ, ಒಂದು ರಿಲೀಸ್ ಮುಗಿದ ರಾತ್ರಿ, ಎಲ್ಲರೂ ಕಾಲ್ ಬಿಟ್ಟು ಹೋದ ಮೇಲೆ ಲೀಡ್ ತಾವಾಗೇ ಹೇಳಿದರು: “ಆ ಡಾಕ್ಯುಮೆಂಟ್ ಎಷ್ಟು ಸಲ ತೆಗ್ದೆ ಗೊತ್ತಾ? ಅವ್ನ ಹೆಸ್ರು ಅಳಿಸೋಕೆ ಕೈ ಬರ್ಲಿಲ್ಲ ಕಣ್ರೀ. ನಿಮ್ಮ ಮೇಲೆ ಏನೂ ಇಲ್ಲ.” ಮರುದಿನ ನೋಡಿದರೆ ಎರಡು ಹೆಸರಿದ್ದವು.

ಆವತ್ತಿನಿಂದ ನಾನು ಲಾರ್ಸ್‌ನನ್ನು ಮೊದಲಿನಷ್ಟು ಬೈಯಲ್ಲ. ಅರ್ಥವಾಗುತ್ತೆ. ಆದರೆ ಅರ್ಥವಾಯಿತು ಅಂತ ಜೇಸನ್‌ನ ಪಾಲು ಕೇಳಿಸಿಬಿಡುತ್ತಾ? ಅವನ ಎಂಟು ತಿಂಗಳು ಮುಗಿಯಲೇ ಇಲ್ಲ. 1991ರ ಕಪ್ಪು ಆಲ್ಬಂನಲ್ಲಿ, ಬಾಬ್ ರಾಕ್ ನಿರ್ಮಾಪಕನಾಗಿ ಬಂದ ಮೇಲೆ, ಬೇಸ್ ಚೆನ್ನಾಗಿಯೇ ಕೇಳಿಸಿತು, ನಿಜ. 2001ರ ಜನವರಿಯಲ್ಲಿ ಜೇಸನ್ ಬ್ಯಾಂಡ್ ಬಿಟ್ಟ. 2018ರಲ್ಲಿ ‘ಜಸ್ಟಿಸ್’ ಹೊಸದಾಗಿ ರೀಮಾಸ್ಟರ್ ಆಗಿ ಬಂದಾಗ ಅಭಿಮಾನಿಗಳೆಲ್ಲ ಈಗಾದರೂ ಅಂತ ಕಾದರು. ಬೇಸ್ ಇದ್ದಲ್ಲೇ ಇತ್ತು.

ಅಷ್ಟರಲ್ಲಿ ಅಭಿಮಾನಿಗಳೇ ಕೆಲಸ ಮುಗಿಸಿದ್ದರು. 2009ರಲ್ಲಿ ಬಂದ ‘ಗಿಟಾರ್ ಹೀರೋ: ಮೆಟಾಲಿಕಾ’ ವಿಡಿಯೋ ಗೇಮಿನಲ್ಲಿ ಈ ಆಲ್ಬಂನ ಕೆಲವು ಹಾಡುಗಳಿದ್ದವು. ಆಟಕ್ಕಾಗಿ ಒಂದೊಂದು ವಾದ್ಯವನ್ನೂ ಬೇರೆಬೇರೆ ಟ್ರ್ಯಾಕಿನಲ್ಲಿ ಇಟ್ಟಿದ್ದರು. ಜನ ಆ ಬೇಸ್ ಟ್ರ್ಯಾಕ್ ಹೊರತೆಗೆದು, ದನಿ ಏರಿಸಿ, ಹಾಡುಗಳನ್ನು ಮತ್ತೆ ಹೊಲಿದರು. ಇಲ್ಲದ ಹಾಡುಗಳಿಗೆ ತಾವೇ ಬೇಸ್ ನುಡಿಸಿ ಸೇರಿಸಿದವರೂ ಇದ್ದಾರೆ. ಜೇಸನ್‌ಗೆ ನ್ಯಾಯ ಅನ್ನುವ ಅರ್ಥದ ಹೆಸರನ್ನೂ ಇಟ್ಟರು.

ರೂಮ್‌ಮೇಟ್ ಅದನ್ನು ಹಾಕಿದ ದಿನ ನಾನು ಅಡುಗೆಮನೆಯಲ್ಲಿದ್ದೆ, ಅನ್ನಕ್ಕೆ ಇಟ್ಟು ಬಂದು ಕೂತವನು ಏಳಲಿಲ್ಲ. ‘ಹಾರ್ವೆಸ್ಟರ್ ಆಫ್ ಸಾರೋ’ ಮೊದಲ ಸಲ ಕಾಲೂರಿ ನಿಂತ ಹಾಗಿತ್ತು. ಅದೇ ನಿಧಾನದ ಹಾಡು, ಆದರೆ ಈಗ ಭಾರ ಇದೆ, ನಡೆದು ಬರುತ್ತಿದೆ. ‘ಡೈಯರ್ಸ್ ಈವ್’ ಮಾತ್ರ ನನಗೆ ಹಿಡಿಸಲಿಲ್ಲ. ಅಪ್ಪ ಅಮ್ಮನ ಮೇಲಿನ ಸಿಟ್ಟನ್ನು ಒಂದೇ ಉಸಿರಿಗೆ ಕಾರುವ ಹಾಡು ಅದು, ಬೇಸ್ ಬಂದ ಕೂಡಲೇ ಸ್ವಲ್ಪ ಉಸಿರು ಎಳೆದುಕೊಂಡ ಹಾಗಾಯಿತು. ಇಲ್ಲಿ ಅಣ್ಣ ಗೆದ್ದ. (ಶೀರ್ಷಿಕೆ ಗೀತೆ ಬೇಸ್ ಇದ್ದರೂ ಉದ್ದ, ಇಲ್ಲದಿದ್ದರೂ ಉದ್ದ. ಹತ್ತು ನಿಮಿಷ! ಬ್ಯಾಂಡಿನವರೇ ಎಷ್ಟೋ ವರ್ಷ ಅದನ್ನು ವೇದಿಕೆಯಲ್ಲಿ ನುಡಿಸಲಿಲ್ಲ.)

ಇನ್ನೂ ಒಂದು ಸತ್ಯ. ಬೇಸ್ ಹೊರಗೆ ಬಂದ ಮೇಲೆ ಗೊತ್ತಾಗುತ್ತೆ, ಅಲ್ಲಿ ಕ್ಲಿಫ್‌ನ ಥರದ ಮಾಯಾಜಾಲ ಏನೂ ಬಚ್ಚಿಟ್ಟಿರಲಿಲ್ಲ. ಅಚ್ಚುಕಟ್ಟಾದ, ಬಿಗಿಯಾದ, ಒಂದು ಸ್ವರ ತಪ್ಪದ ಕೆಲಸ, ಅಷ್ಟೇ. ‘ಅದ್ಭುತವನ್ನು ಮುಚ್ಚಿಟ್ಟರು’ ಅನ್ನುವ ಅಭಿಮಾನಿಗಳು ಸ್ವಲ್ಪ ಜಾಸ್ತಿ ಹೇಳುತ್ತಾರೆ. ಆದರೆ ಕೇಳಿಸಬೇಕಾದರೆ ಅದ್ಭುತವೇ ಆಗಿರಬೇಕಾ?

ಅಣ್ಣನ ವಾದಕ್ಕೆ ದೊಡ್ಡ ಪೆಟ್ಟು ಬಿದ್ದದ್ದು ನಮ್ಮೂರಲ್ಲೇ. 2011ರ ಅಕ್ಟೋಬರ್ 30, ಅರಮನೆ ಮೈದಾನ. ಎರಡು ದಿನ ಮುಂಚೆ ದೆಹಲಿ ಪಕ್ಕದ ಗುರ್ಗಾಂವ್ ಕಾರ್ಯಕ್ರಮ ಗಲಾಟೆಯಲ್ಲಿ ರದ್ದಾಗಿತ್ತು, ಬೆಂಗಳೂರೂ ಕೈತಪ್ಪುತ್ತೇನೋ ಅಂತ ಎಲ್ಲರಿಗೂ ಜೀವ ಕೈಯಲ್ಲಿ. ನಾನಿನ್ನೂ ಎಂಜಿನಿಯರಿಂಗ್ ಹುಡುಗ, ಟಿಕೆಟ್ ಅಣ್ಣನದು. ‘ಒನ್’ ಶುರುವಾಯಿತು, ಇದೇ ಆಲ್ಬಂನ ಆ ಸೈನಿಕನ ಹಾಡು. ಈಗಿನ ಬೇಸ್ ವಾದಕ ರಾಬರ್ಟ್ ಟ್ರುಹಿಯೊ ಬಗ್ಗಿ, ಗಿಟಾರನ್ನು ಮೊಣಕಾಲ ಮಟ್ಟಕ್ಕಿಳಿಸಿ ನುಡಿಸುತ್ತಿದ್ದರೆ ನೆಲದಿಂದ ಏನೋ ಹೊರಟು ಪಕ್ಕೆಲುಬಿಗೆ ಬಂದು ಬಡಿಯುತ್ತಿತ್ತು. ಅಣ್ಣನನ್ನು ನೋಡಿದೆ. ಕಣ್ಣು ಮುಚ್ಚಿಕೊಂಡು ತಲೆ ಆಡಿಸುತ್ತಿದ್ದ. “ಬೇಸ್ ಜಾಸ್ತಿ ಆಯ್ತು” ಅಂತ ಅವನ ಬಾಯಿಂದ ಬರಲಿಲ್ಲ. ಇದನ್ನು ನೆನಪಿಸಿದರೆ, “ಲೈವ್ ಬೇರೆ, ರೆಕಾರ್ಡ್ ಬೇರೆ” ಅಂತ ಜಾರಿಕೊಳ್ಳುತ್ತಾನೆ.

ನನ್ನ ತೀರ್ಪು ಇದು: 1988ರ ರೆಕಾರ್ಡನ್ನು ಯಾರೂ ಮುಟ್ಟೋದು ಬೇಡ, ಅದು ಆವತ್ತಿನ ಮೂವರ ಸಂಕಟದ ದಾಖಲೆ. ಆದರೆ ಅದರ ಪಕ್ಕದಲ್ಲೇ, ಬ್ಯಾಂಡಿನ ಹೆಸರಲ್ಲೇ, ಬೇಸ್ ಇರುವ ಇನ್ನೊಂದನ್ನು ಇಡಬೇಕು. ಆ ಡಾಕ್ಯುಮೆಂಟಿನಲ್ಲಿ ಎರಡು ಹೆಸರು ಹಿಡಿಸಿದವು, ಇಲ್ಲಿ ಯಾಕೆ ಹಿಡಿಸಲ್ಲ?

ಅಣ್ಣ ಒಪ್ಪಿಲ್ಲ. “ಜೇಸನ್ನೇ ಮೊದ್ಲು ಕೋಪ ಮಾಡ್ಕೊಂಡು ಆಮೇಲೆ ಸಮಾಧಾನ ಆಗಿದ್ದಾನೆ, ನಿಂದೇನೋ?” ಅನ್ನುತ್ತಾನೆ. ಅದಕ್ಕೆ ನನ್ನ ಹತ್ತಿರ ಒಂದೇ ಉತ್ತರ ಇದೆ, ‘ಟು ಲಿವ್ ಈಸ್ ಟು ಡೈ’. ಹೆಚ್ಚುಕಡಿಮೆ ಹತ್ತು ನಿಮಿಷದ, ಬಹುಪಾಲು ಬರೀ ವಾದ್ಯದ ಹಾಡು. ಕ್ಲಿಫ್ ಬಿಟ್ಟುಹೋದ ಸಂಗೀತದ ತುಣುಕುಗಳನ್ನು ಜೋಡಿಸಿ ಅವನಿಗಾಗಿ ಕಟ್ಟಿದ್ದು. ಮೊನ್ನೆ ಮೈಸೂರಿಗೆ ಹೋದಾಗ ಅಣ್ಣನ ಹಳೇ ಸ್ಟೀರಿಯೋದಲ್ಲಿ ಅದನ್ನೇ ಹಾಕಿ, “ಬೇಸ್ ನುಡಿಸೋನಿಗೆ ಶ್ರದ್ಧಾಂಜಲಿ ಅಣ್ಣ ಇದು, ಇದರಲ್ಲೂ ಬೇಸ್ ಬೇಡ್ವಾ?” ಅಂದೆ. ನನ್ನ ಜೊತೆ ಬಂದಿದ್ದ ಹುಬ್ಬಳ್ಳಿಯವನು ಬಾಯಿ ಹಾಕಲಿಲ್ಲ, ಅದೇ ದೊಡ್ಡ ಸಂಗತಿ. ಅಣ್ಣ ಹಾಡು ಮುಗಿಯುವವರೆಗೂ ಮಾತಾಡಲಿಲ್ಲ. ಆಮೇಲೆ ಎದ್ದು ಹೋಗಿ ಸ್ಟೀರಿಯೋದ ಬೇಸ್ ಗುಂಡಿಯನ್ನು ಪೂರ್ತಿ ತಿರುಗಿಸಿ, ಇನ್ನೊಂದು ಸಲ ಹಾಕಿದ.

“ಏನೂ ಬರ್ತಿಲ್ವಲ್ಲೋ” ಅಂದ.