ಕಂಕಭಟ್ಟ ಕಲಿತ ವಿದ್ಯೆ

ಮದುವೆ ಮನೆಯಲ್ಲಿ ಎಲೆ ಮುಂದೆ ಕೂತು ಬಡಿಸುವವರಿಗೆ ಕಾಯುವಾಗ, ರಾತ್ರಿ ರೈಲಿನಲ್ಲಿ ಎದುರು ಸೀಟಿನವರ ಜತೆ ಮಾತು ಬೆಳೆದಾಗ, ಜನ ತಮ್ಮ ಬಗ್ಗೆ ಏನೇನು ಒಪ್ಪಿಕೊಳ್ಳುತ್ತಾರೆ ಅಂತ ಒಮ್ಮೆ ಗಮನವಿಟ್ಟು ಕೇಳಿ. 'ನನಗೆ ಕೋಪ ಸ್ವಲ್ಪ ಜಾಸ್ತಿ' ಅನ್ನುವವರು ಬೇಕಾದಷ್ಟು ಸಿಗುತ್ತಾರೆ. ಹಾಗೆ ಹೇಳುವಾಗ ದನಿಯಲ್ಲಿ ಒಂದಿಷ್ಟು ಹೆಮ್ಮೆಯೂ ಇರುತ್ತದೆ. ಕೋಪ ಇದ್ದಲ್ಲಿ ಗುಣವೂ ಇರುತ್ತದೆ ಅನ್ನುವುದು ನಮ್ಮ ಹಳೇ ನಂಬಿಕೆ. 'ನನ್ನ ಬಾಯಿ ಒರಟು, ಮನಸ್ಸು ಮೆತ್ತಗೆ' ಅನ್ನುವವರಿದ್ದಾರೆ. ಸೋಮಾರಿತನ, ಮರೆವು, ಸಿಹಿಯ ಚಪಲ, ಇವೆಲ್ಲ ಧಾರಾಳವಾಗಿ ಹೊರಗೆ ಬರುತ್ತವೆ. ಆದರೆ 'ನನಗೆ ಹೊಟ್ಟೆಕಿಚ್ಚು ಜಾಸ್ತಿ' ಅಂದವರನ್ನು ನಾನಂತೂ ಇದುವರೆಗೆ ಕಂಡಿಲ್ಲ.

ಹಾಗಾದರೆ ಊರಲ್ಲಿರುವ ಅಷ್ಟು ಹೊಟ್ಟೆಕಿಚ್ಚು ಯಾರದು? ಹೊಸ ಮನೆ ಕಟ್ಟುವವರು ದೃಷ್ಟಿಬೊಂಬೆ ನಿಲ್ಲಿಸುತ್ತಾರೆ, ಬಾಗಿಲಿಗೆ ಬೂದುಗುಂಬಳ ತೂಗುಹಾಕುತ್ತಾರೆ, ಮಗುವಿನ ಕೆನ್ನೆಗೆ ಕಾಡಿಗೆ ಬೊಟ್ಟಿಡುತ್ತಾರೆ. ಬೀಳುವ ಕಣ್ಣು ಯಾವಾಗಲೂ ಬೇರೆಯವರದು. ಆ ಬೇರೆಯವರ ಬಾಗಿಲಲ್ಲೂ ಒಂದು ಬೂದುಗುಂಬಳ ತೂಗುತ್ತಿರುತ್ತದೆ.

ಈ ಹೊಟ್ಟೆಕಿಚ್ಚು ನಮ್ಮೊಳಗೆ ಹೇಗೆ ಓಡಾಡುತ್ತದೆ ಅನ್ನುವುದನ್ನು ಹತ್ತಿರದಿಂದ ನೋಡಬೇಕು. ಹಳೇ ಸ್ನೇಹಿತನ ಫೋನು ಬರುತ್ತದೆ: ಮಗನಿಗೆ ಮೆಡಿಕಲ್ ಸೀಟು ಸಿಕ್ಕಿತು, ಅದೂ ಸರ್ಕಾರಿ ಕಾಲೇಜಿನಲ್ಲಿ. 'ತುಂಬಾ ಸಂತೋಷ ಕಣಯ್ಯಾ' ಅಂತೀವಿ. ಸುಳ್ಳಲ್ಲ, ಸಂತೋಷವಾಗಿಯೇ ಇರುತ್ತದೆ. ಅದೇ ಸಂತೋಷದ ತಳದಲ್ಲಿ ಇನ್ನೊಂದು ಏನೋ ಮಿಸುಕಾಡುತ್ತದೆ. ಅದರ ಕಡೆ ನಾವು ತಿರುಗಿ ನೋಡುವುದಿಲ್ಲ. ಸಂಜೆ ಮಗ ಮನೆಗೆ ಬಂದು ಚಪ್ಪಲಿಯನ್ನು ಬಾಗಿಲಿಗೆ ಅಡ್ಡ ಬಿಡುತ್ತಾನೆ, ದಿನಾ ಬಿಡುವ ಹಾಗೆಯೇ. ಆವತ್ತು ಮಾತ್ರ ಅವನಿಗೆ ಬೈಗುಳ ಸುರಿಯುತ್ತದೆ. ಶಿಸ್ತಿಲ್ಲ, ಜವಾಬ್ದಾರಿಯಿಲ್ಲ, ಮುಂದೆ ಏನು ಉದ್ಧಾರ ಆಗ್ತೀಯೋ ಅಂತ. ಚಪ್ಪಲಿಯ ಬೈಗುಳದಲ್ಲಿ ಇಷ್ಟು ಭವಿಷ್ಯ ಯಾಕೆ ಬಂತು ಅಂತ ಹುಡುಗನಿಗೆ ತಿಳಿಯುವುದಿಲ್ಲ. ಬೈದವರಿಗೂ ತಿಳಿಯುವುದಿಲ್ಲ, ದುಃಖ ಇರುವುದೇ ಅಲ್ಲಿ. ಆ ಮಧ್ಯಾಹ್ನವೇ 'ಅಯ್ಯೋ, ನನಗೆ ಹೊಟ್ಟೆ ಉರೀತಾ ಇದೆ' ಅಂತ ಒಂದು ಸಲ ತನಗೆ ತಾನೇ ಹೇಳಿಕೊಂಡಿದ್ದರೆ ಆ ಹುಡುಗ ನೆಮ್ಮದಿಯಾಗಿ ಕಾಫಿ ಕುಡಿಯುತ್ತಿದ್ದ.

ಸ್ವಿಟ್ಜರ್ಲೆಂಡಿನ ಮನೋವೈದ್ಯ ಕಾರ್ಲ್ ಯೂಂಗ್ ಇದನ್ನೇ ನೆರಳು ಅಂತ ಕರೆದ. ನಾವು ನಮ್ಮದಲ್ಲ ಅಂತ ಆಚೆಗೆ ತಳ್ಳಿದ್ದೆಲ್ಲ ಎಲ್ಲೂ ಹೋಗುವುದಿಲ್ಲ, ಬೆನ್ನ ಹಿಂದೆಯೇ ಇರುತ್ತದೆ, ನಾವು ನೋಡದಷ್ಟೂ ಅದರ ಕೈ ಉದ್ದವಾಗುತ್ತದೆ ಅನ್ನುವುದು ಅವನ ಮಾತಿನ ಸಾರ. ಬೇರೆಯವರಲ್ಲಿ ಯಾವ ಗುಣ ಕಂಡರೆ ನಮಗೆ ಸಿಕ್ಕಾಪಟ್ಟೆ ಮೈ ಉರಿಯುತ್ತದೋ ಅಲ್ಲಿ ನಮ್ಮದೇ ಪಾಲು ಎಷ್ಟು ಅಂತ ಹುಡುಕಿ ಅಂದವನು ಅವನು. ಅವನು ಬರೀ ಕುರ್ಚಿಯಲ್ಲಿ ಕೂತು ಹೇಳಿದ್ದಲ್ಲ. ಫ್ರಾಯ್ಡ್ ಜತೆಗಿನ ಸ್ನೇಹ ಮುರಿದ 1913ರಲ್ಲಿ, ತನ್ನೊಳಗಿನ ಭಯಾನಕ ಚಿತ್ರಗಳನ್ನು ತಾನೇ ಎದುರಿಗೆ ಕರೆದು ಮಾತಾಡಿಸುವುದಕ್ಕೆ ಶುರುಮಾಡಿದ. ಕೆಂಪು ಚರ್ಮದ ರಟ್ಟು ಹಾಕಿದ ದೊಡ್ಡ ಪುಸ್ತಕದಲ್ಲಿ ಅವನ್ನೆಲ್ಲ ವರ್ಷಗಟ್ಟಲೆ ಬರೆದ, ಬಣ್ಣದಲ್ಲಿ ಚಿತ್ರಿಸಿದ. ಅವನು ತೀರಿಹೋದದ್ದು 1961ರಲ್ಲಿ. ಆ ಪುಸ್ತಕ ಅಚ್ಚಾದದ್ದು 2009ರಲ್ಲಿ. ಒಳಗಿನದನ್ನು ಹೊರಗೆ ತೋರಿಸುವುದು ಅಷ್ಟು ಕಷ್ಟ, ಅದನ್ನೇ ಕಸುಬು ಮಾಡಿಕೊಂಡವನಿಗೂ.

ಈ ಯೂಂಗ್ ನಮ್ಮ ಕಡೆಗೂ ಬಂದಿದ್ದ. 1937ರ ಕೊನೆಗೆ ಭಾರತಕ್ಕೆ ಬಂದವನು ಮೈಸೂರು ಮಹಾರಾಜರ ಅತಿಥಿಯಾಗಿ ಕೆಲಕಾಲ ಇದ್ದ. ಮಹಾರಾಜರಿಗೆ ತತ್ತ್ವಶಾಸ್ತ್ರದ ಗುರುಗಳಾಗಿದ್ದ ವಿ. ಸುಬ್ರಹ್ಮಣ್ಯ ಅಯ್ಯರ್ ಜತೆ ಆಳವಾಗಿ ಮಾತಾಡಿದ್ದನ್ನು ಆತ್ಮಕಥನದಲ್ಲಿ ನೆನೆದಿದ್ದಾನೆ. ಒಳಿತು ಕೆಡುಕು ಎರಡನ್ನೂ ದಾಟಿ ಬಿಡುಗಡೆ ಪಡೆಯುವುದು ಭಾರತದವರ ಗುರಿ, ತನಗೆ ಆ ಬಿಡುಗಡೆ ಬೇಡ, ಮನುಷ್ಯರಿಂದಾಗಲಿ ತನ್ನಿಂದಾಗಲಿ ಬಿಡಿಸಿಕೊಳ್ಳುವ ಆಸೆ ತನಗಿಲ್ಲ ಅನ್ನುವ ಅರ್ಥದಲ್ಲಿ ಬರೆದ. ಅವನಿಗೆ ಸಿಕ್ಕಿದ್ದು ವೇದಾಂತದ ಭಾರತ. ಅಲ್ಲಿಂದ ಘಟ್ಟ ಇಳಿದು ಕರಾವಳಿಯ ಒಂದು ಕೊಯ್ಲಾದ ಗದ್ದೆಯಲ್ಲಿ ಬೆಳಗಿನವರೆಗೆ ಯಕ್ಷಗಾನದ ಆಟ ನೋಡಿದ್ದರೆ, ನಮ್ಮ ಬಗ್ಗೆ ಇನ್ನೊಂದು ಪುಟ ಸೇರಿಸುತ್ತಿದ್ದ ಅಂತ ನನ್ನ ಗಟ್ಟಿ ನಂಬಿಕೆ.

ತೆಂಕುತಿಟ್ಟಿನ ಯಕ್ಷಗಾನದ ಚೌಕಿಯೊಳಗೆ, ಅಂದರೆ ವೇಷ ಕಟ್ಟುವ ಜಾಗಕ್ಕೆ, ಹೋಗಿ ಒಂದು ಮೂಲೆಯಲ್ಲಿ ಸುಮ್ಮನೆ ಕೂರಬೇಕು. ಒಂದು ಕಡೆ ಗಣಪತಿ, ದೀಪ. ಉದ್ದಕ್ಕೂ ಪೆಟ್ಟಿಗೆಗಳು, ಪೆಟ್ಟಿಗೆಯ ಮುಂದೆ ಚಕ್ಕಳಮಕ್ಕಳ ಹಾಕಿ ಕೂತ ಕಲಾವಿದರು. ಪುಂಡುವೇಷ, ಸ್ತ್ರೀವೇಷಗಳೆಲ್ಲ ಬೇಗ ಮುಗಿದು ರಂಗಕ್ಕೆ ಹೋಗುತ್ತವೆ. ಬಣ್ಣದ ವೇಷದವರು ಮಾತ್ರ ಕನ್ನಡಿ ಮುಂದೆ ಕೂತೇ ಇರುತ್ತಾರೆ. ಮುಖಕ್ಕೆ ಕೆಂಪು, ಕಪ್ಪು ಹಾಕಿ ಆದಮೇಲೆ ಚುಟ್ಟಿ ಇಡುವ ಕೆಲಸ. ಅಕ್ಕಿ ಹಿಟ್ಟು, ಸುಣ್ಣ ಸೇರಿಸಿ ಕಲಸಿದ ಬಿಳಿಯ ಹದವನ್ನು ಕಡ್ಡಿಯ ತುದಿಯಲ್ಲಿ ತೆಗೆದು ಚುಕ್ಕಿ ಚುಕ್ಕಿಯಾಗಿ ಇಡಬೇಕು; ಒಂದು ಸಾಲು ಒಣಗಿದ ಮೇಲೆ ಅದರ ಮೇಲೆ ಇನ್ನೊಂದು. ಹೀಗೆ ಗಂಟೆಗಟ್ಟಲೆ. ಆ ಹೊತ್ತಿಗೆ ನಗುವ ಹಾಗಿಲ್ಲ, ಆಕಳಿಸುವ ಹಾಗಿಲ್ಲ, ಕೆನ್ನೆ ಅಲುಗಿದರೆ ಚುಟ್ಟಿ ಬಿರಿಯುತ್ತದೆ. ರಾವಣ, ಮಹಿಷಾಸುರ, ಶೂರ್ಪನಖಿ ಇವರೆಲ್ಲರ ಮುಖ ಹುಟ್ಟುವುದು ಹೀಗೆ. ರಾಜಬಣ್ಣ, ಕಾಟುಬಣ್ಣ, ಹೆಣ್ಣುಬಣ್ಣ ಅಂತ ಅದರಲ್ಲೇ ಬಗೆಗಳಿವೆ. ರಾಕ್ಷಸತನದಲ್ಲೂ ರಾಜಗಾಂಭೀರ್ಯ ಬೇರೆ, ಕಾಡುತನ ಬೇರೆ ಅಂತ ಬಲ್ಲವರು ಮಾಡಿದ ವಿಂಗಡಣೆ. ಕಲಾವಿದ ಬಣ್ಣದ ಮಹಾಲಿಂಗ ಅವರ ಹೆಸರಿಗೇ ಈ ಬಣ್ಣ ಅಂಟಿಕೊಂಡಿತು, ಅದು ಜನ ಕೊಟ್ಟ ಗೌರವ. 'ದೇವಿ ಮಹಾತ್ಮೆ'ಯ ಮಹಿಷಾಸುರನಂತೂ ರಂಗದ ಹಿಂದಿನಿಂದ ಬರುವುದೇ ಇಲ್ಲ. ದೊಂದಿಯ ಬೆಳಕಿನಲ್ಲಿ ಅಬ್ಬರಿಸುತ್ತ ಜನರ ನಡುವಿನಿಂದಲೇ ಎದ್ದುಬರುತ್ತಾನೆ. ನಿದ್ದೆ ತೂಗುತ್ತಿದ್ದ ಮಕ್ಕಳು ಕಿಟಾರನೆ ಕಿರುಚಿ ಅಮ್ಮನ ಸೆರಗಿಗೆ ಮುಖ ಹುದುಗಿಸುತ್ತವೆ, ಮತ್ತೆ ಸೆರಗು ಸರಿಸಿ ನೋಡುತ್ತವೆ. ಅಷ್ಟು ಚೆನ್ನಾಗಿ, ಅಷ್ಟು ಹೊತ್ತು ಕೂತು ರಾಕ್ಷಸನನ್ನು ಕಟ್ಟಿ, ಊರ ನಡುವಿನಿಂದ ಕರೆತಂದ ಜನ ನಾವು. ಅದೇ ಜನ ಮನೆಯೊಳಗೆ ಒಂದು ಸಣ್ಣ ಅಸೂಯೆಯನ್ನು ಬಾಯಿಬಿಟ್ಟು ಹೇಳಲಾರದೆ ಹೋದೆವಲ್ಲ ಅಂತ ನನಗೆ ನೋವು.

ಎಲ್ಲರೂ ಹೀಗಲ್ಲ. ನನಗೆ ಬೇಕಾದವರ ಮನೆಯೊಂದರಲ್ಲಿ ಎರಡನೇ ಮಗು ಹುಟ್ಟಿತ್ತು. ಐದು ವರ್ಷದ ದೊಡ್ಡವನು ತೊಟ್ಟಿಲ ಪಕ್ಕ ನಿಂತು, 'ಈ ಪಾಪೂನ ಆಸ್ಪತ್ರೆಗೇ ವಾಪಸ್ ಕೊಟ್ಟು ಬನ್ನಿ' ಅಂದ. ನೋಡಲು ಬಂದಿದ್ದವರೊಬ್ಬರು, 'ಛೀ ಛೀ, ಹಾಗೆಲ್ಲ ಅನ್ನಬಾರದು, ನಿನ್ನ ಮುದ್ದು ತಮ್ಮ ಅಲ್ವಾ, ನೀನು ಜಾಣ ಅಲ್ವಾ' ಅಂದರು. ಹುಡುಗನ ಮುಖ ಮುಚ್ಚಿಕೊಂಡುಬಿಟ್ಟಿತು. ಹುರುಳಿಕಾಯಿ ಬಿಡಿಸುತ್ತ ಕೂತಿದ್ದ ಅವನ ಅಜ್ಜಿ ತಲೆ ಎತ್ತದೆಯೇ ಹೇಳಿದರು: 'ಹೂಂ ಕಣೋ ಪುಟ್ಟ. ನಿಮ್ಮಮ್ಮ ಮೂರು ಹೊತ್ತೂ ಅದನ್ನೇ ಎತ್ಕೊಂಡಿರ್ತಾಳೆ, ಸಿಟ್ಟು ಬರದೆ ಇನ್ನೇನು? ನಿಮ್ಮಪ್ಪ ಹುಟ್ಟಿದಾಗ ನಿಮ್ಮ ದೊಡ್ಡಪ್ಪನೂ ಹಿಂಗೇ ಅಂದಿದ್ದ. ಸಿಟ್ಟು ಬಂದ್ರೆ ನನ್ನ ಹತ್ರ ಬಂದು ಹೇಳು. ಪಾಪೂಗೆ ಹೊಡೀಬೇಡ, ಅಷ್ಟೆ. ಬಾ, ಈ ಕಾಯಿ ಮುರಿ.' ಹುಡುಗ ಹೋಗಿ ಪಕ್ಕದಲ್ಲಿ ಕೂತ. ಸಿಟ್ಟು ಬರುವುದು ಬೇರೆ, ಹೊಡೆಯುವುದು ಬೇರೆ ಅಂತ ಆ ಮಗುವಿಗೆ ಆವತ್ತೇ ಗೊತ್ತಾಯಿತು. ದೊಡ್ಡವರಾದ ನಮಗೆ ಹಾಗೆ ಹೇಳುವ ಅಜ್ಜಿಯರು ಉಳಿದಿರುವುದಿಲ್ಲ.

ಆದರೆ ಒಂದು ತೊಡಕಿದೆ. ಒಳಗಿನ ಕತ್ತಲನ್ನು ಗುರುತಿಸಿ ಹೆಸರಿಟ್ಟರೆ ಎಲ್ಲ ಸರಿಹೋಗುತ್ತದೆ ಅಂತ ಈಚೆಗೆ ಬಹಳ ಜನ ಹೇಳುತ್ತಾರೆ. ನಾನು ಒಪ್ಪುವುದಿಲ್ಲ. ದುರ್ಯೋಧನನನ್ನು ನೋಡಿ. ಇಂದ್ರಪ್ರಸ್ಥದ ವೈಭವ ನೋಡಿ ಬಂದವನು ಅಪ್ಪನ ಮುಂದೆ ನಿಂತು, ಪಾಂಡವರ ಐಶ್ವರ್ಯ ಕಂಡು ತಾನು ಬೇಯುತ್ತಿದ್ದೇನೆ, ಅದಕ್ಕೇ ಬಣ್ಣಗೆಟ್ಟು ಸೊರಗಿದ್ದೇನೆ ಅಂತ ಸ್ವಚ್ಛವಾಗಿ ಹೇಳಿಕೊಂಡ. ಮುಚ್ಚುಮರೆ ಏನೂ ಇಲ್ಲ. ಅಷ್ಟಕ್ಕೇ ನಿಲ್ಲದೆ, ಅತೃಪ್ತಿಯೇ ಸಂಪತ್ತಿನ ಮೂಲ ಅಂತ ವಾದವನ್ನೂ ಹೂಡಿದ. ತನ್ನ ಹೊಟ್ಟೆಕಿಚ್ಚನ್ನು ಇಷ್ಟು ಚೆನ್ನಾಗಿ ಬಲ್ಲವನು ಇಡೀ ಭಾರತದಲ್ಲಿ ಇನ್ನೊಬ್ಬನಿಲ್ಲ. ಬಲ್ಲ, ಬಲ್ಲದ್ದನ್ನು ಸಿಂಹಾಸನಕ್ಕೆ ಏರಿಸಿದ. ಅವನು ಬರೀ ಕೆಟ್ಟವನಾಗಿದ್ದನೇ ಅಂದರೆ, ನಮ್ಮ ರನ್ನ ಹಾಗೆ ಬಿಡಲಿಲ್ಲ. ಗದಾಯುದ್ಧದಲ್ಲಿ ರಣರಂಗದ ಹೆಣಗಳ ನಡುವೆ ನಡೆದುಹೋಗುವ ದುರ್ಯೋಧನ ಶತ್ರುವಿನ ಮಗ ಅಭಿಮನ್ಯುವಿನ ದೇಹದ ಮುಂದೆ ನಿಂತು ಆ ಶೌರ್ಯಕ್ಕೆ ತಲೆಬಾಗುತ್ತಾನೆ. ಅಂಥ ದೊಡ್ಡ ಮನಸ್ಸೂ ಅವನೊಳಗೇ ಇತ್ತು. ಅದನ್ನು ಅವನು ಹೊರಗೆ ಬಿಟ್ಟಿದ್ದು ಎಲ್ಲ ಮುಗಿದ ಮೇಲೆ.

ಇನ್ನು ಧರ್ಮರಾಯ. ಅವನ ಜೂಜಿಗೆ ನಾವು ಸಾಮಾನ್ಯವಾಗಿ ಹೇಳುವ ಸಮಜಾಯಿಷಿ, ಕ್ಷತ್ರಿಯನಾದವನು ಕರೆದಾಗ ಒಲ್ಲೆ ಅನ್ನುವ ಹಾಗಿಲ್ಲ ಅನ್ನುವುದು. ಧರ್ಮರಾಯ ಆ ನೆವ ಹಿಡಿದು ಕೂರಲಿಲ್ಲ. ವ್ಯಾಸಭಾರತದ ವನಪರ್ವದಲ್ಲಿ ಭೀಮ ಬಾಯಿಗೆ ಬಂದಂತೆ ಅಣ್ಣನನ್ನು ಜರೆಯುತ್ತಾನೆ. ಆಗ ಧರ್ಮರಾಯ ಕೊಡುವ ಉತ್ತರ ಓದಿದರೆ ಮೈ ಜುಮ್ಮೆನ್ನುತ್ತದೆ: ನಾನು ದಾಳ ಹಿಡಿದದ್ದು ದುರ್ಯೋಧನನ ರಾಜ್ಯವನ್ನು ಕಸಿದುಕೊಳ್ಳುವ ಆಸೆಯಿಂದ, ನಿನ್ನ ಮಾತು ನನಗೆ ನೋವಾದರೂ ನಿನ್ನದು ತಪ್ಪಲ್ಲ ಅನ್ನುವ ಭಾವ ಅದು. ಧರ್ಮವೇ ಮೈವೆತ್ತವನು ಅಂತ ಲೋಕ ಕೊಂಡಾಡಿದ ಮನುಷ್ಯ, ತಮ್ಮನ ಎದುರು, ಹೆಂಡತಿಯ ಎದುರು, ನನಗೆ ದುರಾಸೆಯಿತ್ತು ಅಂದುಬಿಟ್ಟ.

ಆಮೇಲೆ ಮಾಡಿದ್ದು ಇನ್ನೂ ವಿಶೇಷ. ಕಾಡಿಗೆ ಬೃಹದಶ್ವ ಮುನಿ ಬಂದು ನಳನ ಕಥೆ ಹೇಳಿದರು. ಜೂಜಿನಲ್ಲೇ ಎಲ್ಲ ಕಳೆದುಕೊಂಡು ಜೂಜಿನಲ್ಲೇ ಮರಳಿ ಪಡೆದವನ ಕಥೆ ಅದು. ಕಥೆ ಮುಗಿದ ಮೇಲೆ ಧರ್ಮರಾಯ ಅವರಿಂದ ಅಕ್ಷಹೃದಯವನ್ನು, ಅಂದರೆ ದಾಳದ ಒಳಗುಟ್ಟನ್ನು, ಕಲಿತ. ಇನ್ನೊಬ್ಬನಾಗಿದ್ದರೆ ದಾಳದ ಹೆಸರೆತ್ತಿದರೆ ಕಿವಿ ಮುಚ್ಚಿಕೊಳ್ಳುತ್ತಿದ್ದ. ಇವನು ತನ್ನನ್ನು ಬೀಳಿಸಿದ್ದು ಯಾವುದೋ ಅದರ ಎದುರು ಶಿಷ್ಯನಾಗಿ ಕೂತ.

ಮುಂದಿನದು ವಿರಾಟಪರ್ವ. ಮಳೆ ಕೈಕೊಟ್ಟ ವರ್ಷ ನಮ್ಮ ಹಳ್ಳಿಗಳಲ್ಲಿ ಗುಡಿಯ ಜಗಲಿಯ ಮೇಲೆ ಓದಿಸುವುದು ಇದನ್ನೇ. ವಿರಾಟಪರ್ವ ಓದಿದರೆ ಮಳೆ ಬರುತ್ತದೆ ಅನ್ನುವ ನಂಬಿಕೆಯಿಂದ ಎಷ್ಟೋ ಊರುಗಳಲ್ಲಿ ಕುಮಾರವ್ಯಾಸನ ದನಿ ಉಳಿಯಿತು, ಗಮಕಿಗಳ ಕಂಠ ಉಳಿಯಿತು. ಅಜ್ಞಾತವಾಸದ ಆ ವರ್ಷ ಯಾರು ಯಾವ ವೇಷ ಹಿಡಿಯುತ್ತಾರೆ ನೋಡಿ. ಹಸಿವಿನ ಭೀಮ ಅಡುಗೆಮನೆ ಸೇರಿ ವಲಲನಾದ. ಗಾಂಡೀವಿ ಅರ್ಜುನ ಗೆಜ್ಜೆ ಕಟ್ಟಿ ಬೃಹನ್ನಳೆಯಾದ. ಧರ್ಮರಾಯ ಕಂಕಭಟ್ಟನಾಗಿ ವಿರಾಟನ ಸಭೆಯಲ್ಲಿ ರಾಜನಿಗೆ ಜೂಜಿನ ಜತೆಗಾರನಾದ! ಅವಿತುಕೊಳ್ಳಲು ಬೇರೆ ಕಸುಬು ಇರಲಿಲ್ಲವೇ? ವೇದಪಾಠ ಹೇಳಬಹುದಿತ್ತು, ಪೂಜೆಗೆ ನಿಲ್ಲಬಹುದಿತ್ತು. ಅವನು ಆರಿಸಿಕೊಂಡದ್ದು ದಾಳವನ್ನೇ. ಕೈಯಲ್ಲಿ ದಾಳ ಇದ್ದೂ ಆ ವರ್ಷವೆಲ್ಲ ಅವನು ಮತ್ತೆ ಹೆಂಡತಿಯನ್ನು ಒತ್ತೆಯಿಡಲಿಲ್ಲ, ತಮ್ಮಂದಿರನ್ನು ಇಡಲಿಲ್ಲ. ಆಟದಲ್ಲಿ ಗೆದ್ದ ಹಣವನ್ನು ತಮ್ಮಂದಿರಿಗೇ ಗುಟ್ಟಾಗಿ ಹಂಚಿದ. ಕೊನೆಗೊಂದು ದಿನ ಅದೇ ದಾಳ ಅವನ ಮುಖಕ್ಕೆ ಬಿತ್ತು. ಗೋಗ್ರಹಣದಲ್ಲಿ ಗೆದ್ದವನು ತನ್ನ ಮಗ ಉತ್ತರ ಅಂತ ವಿರಾಟ ಹಿಗ್ಗುತ್ತಿದ್ದರೆ, ಬೃಹನ್ನಳೆ ಸಾರಥಿಯಾದ ಮೇಲೆ ಗೆಲ್ಲದೆ ಇರುತ್ತಾನೆಯೇ ಅಂತ ಕಂಕಭಟ್ಟ ಮತ್ತೆ ಮತ್ತೆ ಅಂದ. ರಾಜ ಸಿಟ್ಟಿನಿಂದ ದಾಳವನ್ನು ಅವನ ಮುಖಕ್ಕೆ ಎಸೆದ. ಮೂಗಿನಿಂದ ರಕ್ತ ಸುರಿಯಿತು. ಹಿಂದೆ ಜೂಜಿನ ಸಭೆಯಲ್ಲಿ ಲಯ ತಪ್ಪಿದ ಮನುಷ್ಯ ಈ ಸಭೆಯಲ್ಲಿ ಬೊಗಸೆಯಲ್ಲಿ ರಕ್ತ ಹಿಡಿದು ನೆಲಕ್ಕೆ ಬೀಳದ ಹಾಗೆ ನೋಡಿಕೊಂಡ, ಅದು ಬಿದ್ದರೆ ವಿರಾಟನಿಗೇ ಕೇಡು ಅಂತ.

ದ್ರೌಪದಿಗೆ ಇದೆಲ್ಲ ಹೇಗೆ ಕಂಡಿತು? ಹೊರಗಿನಿಂದ ಓದುವ ನಮಗೆ ಧರ್ಮರಾಯ ತನ್ನ ಕತ್ತಲಿನ ಜತೆ ಒಂದು ಒಪ್ಪಂದಕ್ಕೆ ಬಂದ ಅನ್ನಿಸುತ್ತದೆ. ಅವಳು ಮಾತ್ರ ಕೀಚಕನ ಕಾಟ ತಾಳಲಾರದೆ ರಾತ್ರಿಯಲ್ಲಿ ಭೀಮನ ಅಡುಗೆಮನೆಗೆ ಹೋದಾಗ, ಮೊದಲು ಬೈದದ್ದು ಈ ಜೂಜುಗಾರ ಗಂಡನನ್ನೇ. ನಮ್ಮನ್ನೆಲ್ಲ ಈ ಸ್ಥಿತಿಗೆ ತಂದವನು ಈಗ ಇನ್ನೊಬ್ಬ ರಾಜನ ಎದುರು ಕೂತು ಅದೇ ಆಟ ಆಡುತ್ತಿದ್ದಾನಲ್ಲ ಅಂತ ಅವಳ ಹೊಟ್ಟೆಯ ಸಂಕಟ. ಬೃಹದಶ್ವ, ಅಕ್ಷಹೃದಯ ಇವೆಲ್ಲ ಅವಳಿಗೆ ಸಮಾಧಾನ ತರಲಿಲ್ಲ, ತರಬೇಕಾಗಿಯೂ ಇರಲಿಲ್ಲ. ಸಭೆಗೆ ಎಳೆದು ತಂದದ್ದು ಅವಳನ್ನು.

ಈ ಮಾತನ್ನು ನಾನು ಬೇಕೆಂದೇ ಎತ್ತಿದೆ. ಕುಡಿತ ಬಿಟ್ಟವರು, ಮೈಮೇಲೆ ಎಗರುವ ಸಿಟ್ಟನ್ನು ಹಿಡಿತಕ್ಕೆ ತಂದುಕೊಂಡವರು, ಸಾಲದ ಜೂಜಿನಿಂದ ಹೊರಬಂದವರು (ಮೊಬೈಲಿನೊಳಗೇ ರಮ್ಮಿ ಬಂದಮೇಲೆ ಅಂಥವರು ಮನೆಮನೆಯಲ್ಲೂ ಇದ್ದಾರೆ) ಒಂದು ಹಂತದಲ್ಲಿ ತಮ್ಮನ್ನು ತಾವು ಒಪ್ಪಿಕೊಂಡು ಹಗುರಾಗುತ್ತಾರೆ. ಅದು ದೊಡ್ಡ ಕೆಲಸ, ಅವರ ಬಗ್ಗೆ ನನಗೆ ನಿಜವಾದ ಗೌರವವಿದೆ. ಆದರೆ ಹಗುರಾದ ಉತ್ಸಾಹದಲ್ಲಿ, 'ನಾನೇ ನನ್ನನ್ನು ಕ್ಷಮಿಸಿದ್ದೀನಿ, ನಿನಗೇನು ಕಷ್ಟ' ಅಂತ ಮನೆಯವರನ್ನು ಕೇಳುತ್ತಾರೆ. ಹಾಗೆ ಕೇಳಬಾರದು. ಪೆಟ್ಟು ತಿಂದವರ ಲೆಕ್ಕ ಬೇರೆ ಕಡೆ ಇರುತ್ತದೆ, ಅವರ ಕೈಬರಹದಲ್ಲೇ ಇರುತ್ತದೆ. ಹೆಂಡತಿ ಇನ್ನೂ ಕೆಲವು ವರ್ಷ ಸಂಬಳದ ದಿನ ಅವನ ಫೋನು ತೆಗೆದು ಬ್ಯಾಂಕಿನ ಮೆಸೇಜು ನೋಡಿದರೆ ನೋಡಲಿ. ಕೇಳುವ ಮೊದಲೇ ಅವನು ಫೋನಿನ ಲಾಕು ತೆಗೆದು ಕೈಗೆ ಕೊಡಲಿ.