ಡಬ್ಬದ ಲೆಕ್ಕ, ಸೀರೆಯ ಲೆಕ್ಕ

ಆರು ವರ್ಷ ದುಡಿದ ಕಂಪನಿಗೆ ರಾಜೀನಾಮೆಯ ಮೇಲ್ ಕಳಿಸಿದ್ದು 2018ರ ಮೇ 2ರಂದು. ಮೂರು ತಿಂಗಳ ನೋಟಿಸು, ಜುಲೈ ಕೊನೆಗೆ ಬಿಡುಗಡೆ. ನಡುವೆ ಜೂನ್ ಸಂಬಳದ ಜೊತೆ ವೇರಿಯಬಲ್ ಪೇ ಬರಬೇಕಿತ್ತು. ಹಿಂದಿನ ಏಪ್ರಿಲ್‌ನಿಂದ ಆ ವರ್ಷದ ಮಾರ್ಚ್‌ವರೆಗೆ ಮಾಡಿದ ಕೆಲಸದ ಬಾಬ್ತು ಅದು. ವರ್ಷ ಪೂರ್ತಿ ದುಡಿದಿದ್ದೆ, ರೇಟಿಂಗೂ ಚೆನ್ನಾಗಿಯೇ ಬಂದಿತ್ತು. 1,80,000 ರೂಪಾಯಿ. ಅದು ಬಂದ ಮೇಲೆ ತೋಟದ ಮೇಲಿರುವ ಸೊಸೈಟಿ ಸಾಲ ತೀರಿಸಿಬಿಡೋಣ ಎಂದು ಅಪ್ಪನಿಗೆ ಯುಗಾದಿಗೆ ಹೋದಾಗಲೇ ಹೇಳಿಬಿಟ್ಟಿದ್ದೆ.

ಜೂನ್ ಸಂಬಳ ಬಂತು, ಅಷ್ಟೇ ಬಂತು. ಎಚ್‌ಆರ್ ಹುಡುಗಿಯನ್ನು ಕೇಳಿದೆ. ಅವಳು ಬಹಳ ವಿನಯದಿಂದ, "ಪಾಲಿಸಿ ಪ್ರಕಾರ ಪೇಮೆಂಟ್ ದಿನ ನೋಟಿಸ್ ಪೀರಿಯಡ್‌ನಲ್ಲಿರೋರು ಎಲಿಜಿಬಲ್ ಅಲ್ಲ ಸರ್" ಅಂದಳು. ಮಾರ್ಚ್‌ಗೇ ಮುಗಿದ ವರ್ಷದ ದುಡ್ಡಲ್ಲವಾ ಎಂದರೆ, "ಹೌದು ಸರ್, ಆದ್ರೆ ಅದು ರಿಟೆನ್ಷನ್‌ಗೋಸ್ಕರಾನೂ ಇರುತ್ತೆ" ಎಂದಳು. ಆ 'ಊ'ಕಾರ ನನ್ನ ತಲೆಯಲ್ಲಿ ಎರಡು ದಿನ ಕೊರೆಯಿತು.

ಆಫರ್ ಲೆಟರ್ ತೆಗೆದು ನೋಡಿದೆ. ಆರು ವರ್ಷದಲ್ಲಿ ಅದನ್ನು ಪೂರ್ತಿ ಓದಿದ್ದು ಅವತ್ತೇ. ಮೊದಲ ಪುಟದ ಸಿಟಿಸಿ ಪಟ್ಟಿಯಲ್ಲಿ ಬೇಸಿಕ್, ಮನೆ ಬಾಡಿಗೆ ಭತ್ಯೆ, ಪಿಎಫ್, ಗ್ರಾಚುಟಿಯ ಜೊತೆ ವೇರಿಯಬಲ್ ಪೇ ಕೂಡ ಸಾಲಾಗಿ ಕೂತಿತ್ತು. ಎಲ್ಲವನ್ನೂ ಕೂಡಿಸಿ ಕೆಳಗೊಂದು ದೊಡ್ಡ ಮೊತ್ತ. ಮದುವೆ ಮಾತುಕತೆಯಲ್ಲಿ ಮಾವನವರಿಗೆ ಹೇಳಿದ್ದೂ ಅದೇ ಮೊತ್ತ! ಏಳನೆಯ ಪುಟದಲ್ಲಿ ಮಾತ್ರ, ಇದು ಸಂಪೂರ್ಣ ಆಡಳಿತದ ವಿವೇಚನೆಗೆ ಬಿಟ್ಟದ್ದು, ರಾಜೀನಾಮೆ ಕೊಟ್ಟವರಿಗೆ ಸಲ್ಲುವುದಿಲ್ಲ ಎಂಬರ್ಥದ ಎರಡು ಸಾಲು. ಕೆಳಗೆ ನನ್ನದೇ ಸಹಿ.

ದೊಡ್ಡಪ್ಪನ ಮಗ ವಕೀಲ. ಅವನಿಗೆ ಫೋನು ಹಚ್ಚಿದೆ. "1965ರ ಬೋನಸ್ ಕಾಯ್ದೆ ಇದೆ ಮಾರಾಯ. ವರ್ಷದಲ್ಲಿ 30 ದಿನ ಕೆಲಸ ಮಾಡಿದ್ರೆ ಸಾಕು, ಬಿಟ್ಟು ಹೋದವನಿಗೂ ಲೆಕ್ಕ ಹಾಕಿ ಕೊಡಬೇಕು. ಕಡಿಮೆ ಅಂದ್ರೂ ಶೇಕಡಾ 8.33. ಆದ್ರೆ ಅದು ತಿಂಗಳಿಗೆ 21,000ದ ಒಳಗೆ ಸಂಬಳ ಇರೋರಿಗೆ. ನೀನು ಅದರಾಚೆ. ನಿಂದು ಬರೀ ಕರಾರು. ಇಷ್ಟು ಗುರಿ ಮುಟ್ಟಿದ್ರೆ ಇಷ್ಟು ಕೊಡ್ತೀವಿ ಅಂತ ಖಚಿತವಾಗಿ ಬರೆದಿದ್ರೆ ದುಡಿದ ದುಡ್ಡು ಅಂತ ವಾದ ಮಾಡಬಹುದು. ವಿವೇಚನೆ ಅಂತ ಬರೆದು, ನೀನೂ ಸಹಿ ಹಾಕಿದ್ರೆ ಕಷ್ಟ." ಕೋರ್ಟಿಗೆ ಹೋಗುವ ಮನಸ್ಸು ನನಗಿರಲಿಲ್ಲ. ಅನುಭವ ಪತ್ರ ಇನ್ನೂ ಅವರ ಕೈಯಲ್ಲೇ ಇತ್ತು.

ಅಪ್ಪನಿಗೆ ಹೇಳುವುದು ಎಲ್ಲಕ್ಕಿಂತ ಕಷ್ಟವಾಯಿತು. ಸಾಲ ತೀರುವುದಿಲ್ಲ ಎಂಬುದಕ್ಕಿಂತ ಅವರಿಗೆ ಅರ್ಥವಾಗದೇ ಹೋದದ್ದು ಬೇರೆ. "ಕೆಲಸ ಮಾಡಿಸ್ಕೊಂಡು ಆಗಿದೆ ಅಂತೀಯ. ಮತ್ತೆ ಕೊಡದೇ ಇರೋದು ಹೆಂಗೆ?"

ಸಾಗರದ ಕಡೆಯ ನಮ್ಮೂರಲ್ಲಿ ಚಳಿಗಾಲವೆಂದರೆ ಅಡಿಕೆ ಸುಲಿಯುವ ಕಾಲ. ರಾತ್ರಿ ದೀಪದ ಕೆಳಗೆ ಹೆಂಗಸರು ಮೆಟ್ಟುಗತ್ತಿ ಇಟ್ಟುಕೊಂಡು ಸಾಲಾಗಿ ಕೂರುತ್ತಿದ್ದರು. ಕೂಲಿ ಡಬ್ಬದ ಲೆಕ್ಕ. ಯಾರು ಎಷ್ಟು ಡಬ್ಬ ಸುಲಿದರು ಎಂದು ಅಪ್ಪ ಪುಸ್ತಕದಲ್ಲಿ ಗೀಟು ಹಾಕುತ್ತಿದ್ದರು. ಒಂದು ವರ್ಷ ಸುಗ್ಗಿಯ ನಡುವೆ, ಪಕ್ಕದ ಮನೆಯವರು ಡಬ್ಬಕ್ಕೆ ಒಂದು ರೂಪಾಯಿ ಜಾಸ್ತಿ ಕೊಡುತ್ತಾರೆಂದು ಒಬ್ಬಾಕೆ ಬಿಟ್ಟು ಹೊರಟಳು. ಅಪ್ಪನಿಗೆ ಸಿಟ್ಟು ಬಂದಿತ್ತು. ಗೊಣಗುತ್ತಲೇ ಗೀಟು ಎಣಿಸಿ, ಚಿಲ್ಲರೆ ಸಮೇತ ಕೊಟ್ಟು ಕಳಿಸಿದರು.

ಆದರೆ ಸುಲಿಯುವುದು ಮುಗಿದ ದಿನ ಅಮ್ಮ ಎಲ್ಲರಿಗೂ ಒಂದೊಂದು ಸೀರೆ ಕೊಡುತ್ತಿದ್ದಳು. ಆಕೆಗೆ ಆ ವರ್ಷ ಸೀರೆ ಇಲ್ಲ.

ನನಗೆ ಇದು ನೆನಪಾಗಿ, ಕಂಪನಿಯ ಪರ ವಹಿಸುವವನಂತೆ ಹೇಳಿದೆ: "ನಾವೂ ಸೀರೆ ಕೊಡ್ಲಿಲ್ಲ ಅಲ್ವಾ ಅಪ್ಪ?"

ಅಪ್ಪ ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ, "ಸೀರೆ ಕೊಡ್ತೀವಿ ಅಂತ ಹೇಳಿ ಯಾರನ್ನೂ ಕೆಲಸಕ್ಕೆ ಕರೆದಿರಲಿಲ್ಲ. ಡಬ್ಬದ ಕೂಲೀಲಿ ಸೀರೆ ದುಡ್ಡು ಸೇರಿಸಿ ಹೇಳಿರಲಿಲ್ಲ" ಎಂದರು.

ವಕೀಲನಿಗಿಂತ ಚೆನ್ನಾಗಿ ಹೇಳಿದರು ಅನ್ನಿಸಿತು. ಕರೆಯುವಾಗ ಡಬ್ಬ, ಕಳಿಸುವಾಗ ಸೀರೆ.

ಜುಲೈನ ಕೊನೆಯ ಲೆಕ್ಕದಲ್ಲಿ ಗ್ರಾಚುಟಿ ಬಂತು. 40,000 ಬೇಸಿಕ್ಕಿಗೆ ವರ್ಷಕ್ಕೆ 15 ದಿನ, 26ರಿಂದ ಭಾಗಿಸಿ ಆರು ವರ್ಷಕ್ಕೆ 1,38,462 ರೂಪಾಯಿ. ಅದೂ ಅದೇ ಪಟ್ಟಿಯಲ್ಲಿದ್ದ ಸಾಲು. ನಾನು ಲೆಕ್ಕಕ್ಕೇ ಹಿಡಿದಿರಲಿಲ್ಲ. ಐದು ವರ್ಷ ದಾಟಿದವನಿಗೆ ಕೊಡಲೇಬೇಕು ಎಂದು ಆಗ ಜಾರಿಯಲ್ಲಿದ್ದ 1972ರ ಕಾಯ್ದೆ ಹೇಳುತ್ತಿತ್ತು, ಹಾಗಾಗಿ ಅಲ್ಲಿ ವಿವೇಚನೆಯ ಮಾತೇ ಬರಲಿಲ್ಲ. ಸೊಸೈಟಿ ಸಾಲದ ದೊಡ್ಡ ಪಾಲು ಅದರಲ್ಲೇ ತೀರಿತು.

ಈಗ ನಾನೇ ಒಂದು ಸಣ್ಣ ತಂಡ ನೋಡಿಕೊಳ್ಳುತ್ತೇನೆ. ಹೋದ ಏಪ್ರಿಲ್‌ನಲ್ಲಿ ತಂಡದ ಹುಡುಗಿಯೊಬ್ಬಳು ಬಾಗಿಲು ಮುಂದೆ ಮಾಡಿ, ಬೇರೆ ಕಡೆ ಕೆಲಸ ಸಿಕ್ಕಿದೆ, ಇವತ್ತೇ ಮೇಲ್ ಹಾಕಲಾ ಎಂದು ಕೇಳಿದಳು. ಮ್ಯಾನೇಜರ್ ಆಗಿ ನಾನು ಅವಳನ್ನು ಉಳಿಸಿಕೊಳ್ಳುವ ಮಾತಾಡಬೇಕಿತ್ತು. "ನಿನ್ನ ಆಫರ್ ಲೆಟರ್ ಪೂರ್ತಿ ಓದಿದೀಯಾ?" ಎಂದೆ. ಇಲ್ಲ ಎಂದು ತಲೆಯಾಡಿಸಿದಳು. ಮನೆಗೆ ಹೋಗಿ ಓದಿಕೊಂಡು ನಾಳೆ ಬಾ ಎಂದು ಕಳಿಸಿದೆ. ಅವಳು ಮೇಲ್ ಹಾಕಿದ್ದು ಜುಲೈ ಒಂದಕ್ಕೆ.